ಪೊಲೀಸ್ ಮೇಷ್ಟ್ರ ಆರು ವಾರ

ಮೂವತ್ತನಾಲ್ಕು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು ದಫೇದಾರನಾಗಿ ನಿವೃತ್ತನಾದ ಭೈರಪ್ಪನಿಗೆ ಒಂದು ವಿಷಯ ಮಾತ್ರ ಸಂಶಯವಿಲ್ಲದೆ ಗೊತ್ತಿತ್ತು. ಸರ್ಕಾರಿ ನೌಕರಿಗಳಲ್ಲೆಲ್ಲ ಸುಖದ ನೌಕರಿ ಅಂದರೆ ಮೇಷ್ಟ್ರದ್ದು. ಕಮ್ಮರಡಿಯ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ಬನ್ಸ್ ತಿನ್ನುತ್ತ ಅವನು ಇದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

"ಹತ್ತಕ್ಕೆ ಹೋಗದು, ನಾಲ್ಕಕ್ಕೆ ಬರದು. ಎದುರಿಗೆ ಇರೋರು ಯಾರು? ಮೊಣಕಾಲುದ್ದದ ಮಕ್ಕಳು. ನಮ್ಮೆದುರಿಗೆ ಇದ್ದೋರು ಯಾರು? ಗಂಧ ಕದಿಯೋರು, ಕುಡಿದು ಕತ್ತಿ ಬೀಸೋರು. ಮೇಷ್ಟ್ರಿಗೆ ಎಂತ ಕಷ್ಟ ಮಾರಾಯ?"

ಒಂದು ದಿನ ಈ ಭಾಷಣ ನಡೆಯುವಾಗ ಪಕ್ಕದ ಬೆಂಚಿನಲ್ಲಿ ಬಾಳೆಗುಡ್ಡೆ ಶಾಲೆಯ ಅಭಿವೃದ್ಧಿ ಸಮಿತಿಯ ಅಧ್ಯಕ್ಷ ಹರೀಶ ಕೂತಿದ್ದ. ಅವನ ತಲೆ ಕೆಟ್ಟುಹೋಗಿತ್ತು. ಬಾಳೆಗುಡ್ಡೆಯದು ಒಂದರಿಂದ ಐದನೇ ತರಗತಿಯ ಪುಟ್ಟ ಶಾಲೆ. ಮಕ್ಕಳು ಹದಿಮೂರು, ಟೀಚರ್ ಒಬ್ಬರೇ, ಮಾಲತಿ. ಆ ಮಾಲತಿ ಟೀಚರ್ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ಬದಲಿ ಶಿಕ್ಷಕರ ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಿಧಾನವಾಗಿ ನಡೆಯುತ್ತಿತ್ತು. ಪಕ್ಕದೂರಿನ ಮೇಷ್ಟ್ರು ವಾರಕ್ಕೆರಡು ದಿನ ಬಂದು ಹೋಗುತ್ತಿದ್ದರು, ಉಳಿದ ದಿನಗಳಿಗೆ ಯಾರೂ ಇರಲಿಲ್ಲ.

"ಭೈರಪ್ಪಣ್ಣ," ಎಂದ ಹರೀಶ, "ಒಂದು ಉಪಕಾರ ಆಗ್ಬೇಕಲ್ಲ ಮಾರಾಯ್ರೆ. ಸುಖದ ಕೆಲಸ ಅಂತ ನೀವೇ ಹೇಳ್ತಿದೀರಿ. ಆರು ವಾರ ಸುಮ್ನೆ ಕೂತ್ಕಂಡು ಮಕ್ಕಳನ್ನ ನೋಡ್ಕಳಿ."

ಹೋಟೆಲಿನಲ್ಲಿದ್ದವರೆಲ್ಲ ಇವನತ್ತ ತಿರುಗಿದರು. ಬಾಯಿಯಲ್ಲಿ ಬನ್ಸ್ ಇದ್ದುದರಿಂದ ಭೈರಪ್ಪನಿಗೆ ತಲೆಯಾಡಿಸದೆ ಬೇರೆ ದಾರಿ ಇರಲಿಲ್ಲ.

ಸೋಮವಾರ ಅವನು ಇಸ್ತ್ರಿ ಅಂಗಿ ಹಾಕಿ, ಬೂಟಿಗೆ ಪಾಲಿಶ್ ಕೊಟ್ಟು, ಶಾಲೆಯ ಬಾಗಿಲಲ್ಲಿ ನಿಂತು ಠಾಣೆಯೇ ನಡುಗುವಂಥ ದನಿಯಲ್ಲಿ "ಸಾಲಾಗಿ ನಿಲ್ಲಿ!" ಎಂದ. ಮಕ್ಕಳು ತುಂಬ ಖುಷಿಯಾಗಿ ಸಾಲಾಗಿ ನಿಂತರು. "ಕೂತ್ಕಳಿ" ಎಂದ. ಕೂತರು. ಇಷ್ಟೇನಾ ಎಂದು ಅವನು ಮೀಸೆ ತಿರುವುವಷ್ಟರಲ್ಲಿ ಒಬ್ಬ ಒಂದಕ್ಕೆ ಹೋಗಬೇಕೆಂದ. ಅವನು ಹೊರಟಿದ್ದೇ ಉಳಿದವರಿಗೂ ಅವಸರವಾಯಿತು. ಎಲ್ಲರೂ ತಿರುಗಿ ಬರುವುದರೊಳಗೆ ಒಂದನೇ ತರಗತಿಯ ಸಂಪದಾ ಅಲುಗಾಡುತ್ತಿದ್ದ ಹಲ್ಲನ್ನು ಕಿತ್ತು ತಂದು ಅವನ ಅಂಗೈಯಲ್ಲಿಟ್ಟು, "ಇದನ್ನ ಇಟ್ಕಂಡಿರಿ ಸಾರ್, ಸಂಜೆ ಕೊಡಿ" ಎಂದಳು. ಮೂಲೆಯಲ್ಲಿ ಇಬ್ಬರು ಜಗಳಕ್ಕೆ ಬಿದ್ದಿದ್ದರು.

"ಎಂತದ್ರೋ ಅದು?"

"ಸಾರ್, ಇವ್ನು ನನ್ನನ್ನ ನೋಡ್ದ!"

"ನಾನು ನೋಡಿಲ್ಲ ಸಾರ್, ಅವ್ನೇ ಮೊದ್ಲು ನೋಡಿದ್ದು!"

ಇಂಥ ಅಪರಾಧಕ್ಕೆ ಯಾವ ಕಲಂ ಹಾಕಬೇಕೆಂದು ಭೈರಪ್ಪನಿಗೆ ತಿಳಿಯಲಿಲ್ಲ. ಅವನು ಒಂದು ಕೈಯಲ್ಲಿ ಹಲ್ಲು ಹಿಡಿದುಕೊಂಡೇ ಅಡುಗೆಕೋಣೆಗೆ ಹೋಗಿ, ಬಿಸಿಯೂಟ ಮಾಡುವ ಗಿರಿಯಮ್ಮನನ್ನು ಕೇಳಿದ. "ನಾಲ್ಕು ಗಂಟೆ ಆಯ್ತೇನಮ್ಮ?"

ಗಿರಿಯಮ್ಮ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. "ಇನ್ನೂ ಹನ್ನೊಂದೂ ಕಾಲು ಭೈರಣ್ಣ. ಒಂಚೂರು ಮಜ್ಜಿಗೆ ಕುಡೀತೀರಾ?"

ಮಾರನೇ ದಿನ ಐದನೇ ತರಗತಿಯ ಅವಿನಾಶ, ನಿನ್ನೆ ತನ್ನ ರಬ್ಬರ್ ಕಳುವಾಯಿತೆಂದು ದೂರು ತಂದ. ಭೈರಪ್ಪನಿಗೆ ಹೋದ ಜೀವ ಬಂತು. ಪಾಠ ಗೊತ್ತಿಲ್ಲದಿದ್ದರೇನು, ಕಳ್ಳತನ ಗೊತ್ತಿತ್ತು. ಮೇಜಿನ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿ, ಒಬ್ಬೊಬ್ಬರನ್ನೇ ಕರೆದು ಕೂರಿಸಿ ಹೇಳಿಕೆ ಬರೆದುಕೊಳ್ಳತೊಡಗಿದ. ಟೀಚರ ಮೇಜಿನ ಪಕ್ಕ ಕುರ್ಚಿಯ ಮೇಲೆ ಕೂರುವ ಭಾಗ್ಯ ಆ ಮಕ್ಕಳಿಗೆ ಅದುವರೆಗೆ ಸಿಕ್ಕಿರಲಿಲ್ಲ. ಕದ್ದೆ ಎಂದವರನ್ನು ಹೆಚ್ಚು ಹೊತ್ತು ಕೂರಿಸುತ್ತಾರೆ ಎಂಬುದು ಎರಡನೇ ಹೇಳಿಕೆಯ ಹೊತ್ತಿಗೆ ಹೊರಗೆ ಗೊತ್ತಾಗಿಬಿಟ್ಟಿತು. ಆಮೇಲೆ ಬಂದವರೆಲ್ಲ ತಪ್ಪೊಪ್ಪಿಕೊಂಡರು. ಹಿಂದಿನ ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದವನೂ ಒಪ್ಪಿಕೊಂಡ. ಸಂಪದಾ ತಾನು ಕದ್ದಿದ್ದಷ್ಟೇ ಅಲ್ಲ, ಒಂದು ಕಾಗೆ ತನಗೆ ಸಹಾಯ ಮಾಡಿತು ಎಂದಳು. ಊಟದ ಹೊತ್ತಿಗೆ ಹನ್ನೊಂದು ಜನ ಕಳ್ಳರಾಗಿದ್ದರು. ಕೈ ಒರೆಸಿಕೊಳ್ಳಲು ಅವಿನಾಶ ಜೇಬಿಗೆ ಕೈ ಹಾಕಿದಾಗ ರಬ್ಬರ್ ಅಲ್ಲೇ ಸಿಕ್ಕಿತು.

ಪ್ರಕರಣದಲ್ಲಿ ಹುರುಳಿಲ್ಲ ಎಂದು ಬರೆದು ಭೈರಪ್ಪ ಕೇಸು ಮುಚ್ಚಿದ. ಆದರೆ ಮಕ್ಕಳು ಮುಚ್ಚಲು ಬಿಡಲಿಲ್ಲ. "ಸಾರ್, ನಂದೂ ಒಂದು ಕಂಪ್ಲೇಂಟ್ ಉಂಟು" ಎಂದು ಸುತ್ತ ನಿಂತರು. ಎಲ್ಲರ ಮಾತು ಒಟ್ಟಿಗೆ ಕೇಳಿ ತಲೆ ಸಿಡಿದು ಅವನು ಕೂಗಿದ. "ಬಾಯಲ್ಲಿ ಹೇಳಿದ್ರೆ ನಡೆಯಲ್ಲ! ಬರ್ಕಂಡು ಬರ್ಬೇಕು! ತಾರೀಕು, ಹೆಸರು, ಐದು ವಾಕ್ಯ. ಕಾಗುಣಿತ ತಪ್ಪಿದ್ರೆ ದೂರು ತಗಳಲ್ಲ!"

ಬಾಯಿ ಮುಚ್ಚಿಸಲು ಹೇಳಿದ ಮಾತಿದು. ಶಾಲೆ ಹಿಂದೆಂದೂ ಇಲ್ಲದಷ್ಟು ನಿಶ್ಶಬ್ದವಾಯಿತು. 'ನಮ್ಮ ಊರು' ಎಂಬ ಪ್ರಬಂಧ ಬರೆಯಲು ಹೇಳಿದರೆ ಎರಡು ಸಾಲಿಗೆ ಕೈನೋವು ಬರುತ್ತಿದ್ದ ಮಕ್ಕಳು ನಾಲಿಗೆ ಹೊರಚಾಚಿ ಬರೆಯುತ್ತಿದ್ದರು. ಮೂರನೇ ತರಗತಿಯ ಅರ್ಪಣಾ ಒಂಬತ್ತರ ಮಗ್ಗಿಯ ಮೇಲೆ ದೂರು ಕೊಟ್ಟಳು. "ಅದು ನನಗೆ ಬಹಳ ದಿನದಿಂದ ತೊಂದರೆ ಕೊಡುತ್ತಿದೆ. ಎಂಟರ ಮಗ್ಗಿ ಒಳ್ಳೆಯದು." ಒಬ್ಬ ತನ್ನ ಮನೆಯ ಹುಂಜದ ಮೇಲೆ, ಇನ್ನೊಬ್ಬ ಅಜ್ಜನ ಗೊರಕೆಯ ಮೇಲೆ ಬರೆದಿದ್ದರು. ಸಾಂಬಾರಿನ ನುಗ್ಗೆಕಾಯಿ ಎಲ್ಲ ದೊಡ್ಡ ಕ್ಲಾಸಿನವರ ತಟ್ಟೆಗೇ ಹೋಗುತ್ತದೆ ಎಂದು ಗಿರಿಯಮ್ಮನ ಮೇಲೆ ಜಂಟಿ ದೂರು ಬಂತು. ಭೈರಪ್ಪ ಆ ಸಂಜೆ ಮನೆಯ ಜಗಲಿಯಲ್ಲಿ ಕೂತು ಅವನ್ನೆಲ್ಲ ಓದಿ ಒಬ್ಬನೇ ನಕ್ಕ. ಹೆಂಡತಿ ಶಾಂತಕ್ಕ ಒಳಗಿಂದ ಬಂದು, "ಎಂತ ಆಯ್ತು ನಿಮಗೆ?" ಎಂದು ಹಣೆ ಮುಟ್ಟಿ ನೋಡಿದಳು.

ಮರುದಿನ ಒಂಬತ್ತರ ಮಗ್ಗಿಯ ವಿಚಾರಣೆ ನಡೆಯಿತು. ಆರೋಪಿಯನ್ನು ಕಪ್ಪುಹಲಗೆಯ ಮೇಲೆ ನಿಲ್ಲಿಸಿ, ಅದು ಎಲ್ಲೆಲ್ಲಿ ತೊಂದರೆ ಕೊಡುತ್ತದೆಂದು ಎಲ್ಲರೂ ಸೇರಿ ಹುಡುಕುವುದರಲ್ಲಿ ಅರ್ಪಣಾಗೆ ಮಗ್ಗಿ ಬಾಯಿಗೆ ಬಂದುಬಿಟ್ಟಿತು. ಭೈರಪ್ಪನಿಗೆ ತನ್ನ ಮೇಲೆ ತನಗೇ ಅಭಿಮಾನ ಉಕ್ಕಿತು. ಮೇಷ್ಟ್ರ ಕೆಲಸ ನಾನು ಹೇಳಿದಷ್ಟೇ ಸುಲಭ ಎಂದುಕೊಂಡ.

ಹಾಗೆಂದುಕೊಂಡ ವಾರದಲ್ಲೇ ನೀಲಾಂಬಿಕೆ ಅವನ ಕಣ್ಣಿಗೆ ಬಿದ್ದಳು.

ನಾಲ್ಕನೇ ತರಗತಿಯ ಎತ್ತರದ ಹುಡುಗಿ. ಕರೆಯದಿದ್ದರೂ ಕಸ ಗುಡಿಸುವಳು, ನೀರು ತರುವಳು, ಸಣ್ಣವರ ಮೂಗು ಒರೆಸುವಳು. ಇಂಥ ಮಕ್ಕಳು ನಾಲ್ಕಿದ್ದರೆ ಸಾಕು ಎಂದು ಭೈರಪ್ಪ ಅಂದುಕೊಂಡಿದ್ದ. ಆದರೆ ಹಳೆಯ ಪೊಲೀಸ್ ಕಣ್ಣು ಸುಮ್ಮನಿರಲಿಲ್ಲ. ಸರಿಯಾಗಿ ಓದುವ ಹೊತ್ತಿಗೇ ಅವಳಿಗೆ ಕೆಲಸ ಹುಟ್ಟುತ್ತಿತ್ತು. ದೂರು ಕೊಡದವಳು ಶಾಲೆಯಲ್ಲಿ ಅವಳೊಬ್ಬಳೇ. ಒಂದು ದಿನ ಅವನು ಬೇಕೆಂದೇ ಓದಲು ಹೇಳಿದ. ಅವಳು ಎದ್ದು ನಿಂತು, ಪುಸ್ತಕ ಮುಖದ ಮುಂದೆ ಹಿಡಿದು, ಎಲ್ಲೂ ತಡವರಿಸದೆ ಒಂದು ಪುಟ ಓದಿದಳು. ಅವಳು ಓದಿದ್ದು ಇರುವೆಯ ಪಾಠ. ತೆರೆದಿದ್ದ ಪುಟದಲ್ಲಿ ರೈಲಿನ ಚಿತ್ರವಿತ್ತು.

ಭೈರಪ್ಪ ಅವಳನ್ನು ಕೂರಿಸಿದ. ಆರೋಪಿ ಸಿಕ್ಕಿಬಿದ್ದ ಮೇಲೆ ಏನು ಮಾಡಬೇಕೆಂದು ತಿಳಿಯದೆ ನಿಂತದ್ದು ಅವನ ಆಯುಷ್ಯದಲ್ಲೇ ಮೊದಲು. ಸಂಜೆ ನೇರ ಮಾಲತಿ ಟೀಚರ ಮನೆಗೆ ಹೋದ. ಅವರು ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದರು.

"ಟೀಚರೇ, ಆ ನೀಲಾಂಬಿಕೆಗೆ ಓದಕ್ಕೇ ಬರಲ್ಲ."

"ಗೊತ್ತು ಭೈರಪ್ಪನವರೇ," ಎಂದರು ಮಾಲತಿ. "ಅವರಪ್ಪ ಅಮ್ಮ ಎಸ್ಟೇಟ್ ಕೆಲಸದವರು. ಎರಡು ವರ್ಷದಲ್ಲಿ ಮೂರು ಎಸ್ಟೇಟು, ಮೂರು ಶಾಲೆ. ಎಲ್ಲಾ ಕಡೆ ಅವಳು ಬಂದಾಗ ಪಾಠ ಅರ್ಧ ಮುಗಿದಿತ್ತು. ನಾವಿಬ್ರೂ ಮಧ್ಯಾಹ್ನ ಊಟ ಆದ್ಮೇಲೆ ಗುಟ್ಟಾಗಿ ಕಲೀತಿದ್ವಿ. ಕಾಗುಣಿತಕ್ಕೆ ಬಂದಿದ್ವಿ, ನಾನು ಬಿದ್ದೆ."

ದಿಂಬಿನ ಕೆಳಗಿಂದ ಒಂದು ನೋಟ್‌ಬುಕ್ ತೆಗೆದುಕೊಟ್ಟರು. ಹದಿಮೂರು ಮಕ್ಕಳಿಗೂ ಒಂದೊಂದು ಹಾಳೆ. ಯಾರಿಗೆ ಯಾವ ಅಕ್ಷರ ತೊಡಕು, ಯಾರು ಬೆಳಿಗ್ಗೆ ತಿಂಡಿ ತಿನ್ನದೆ ಬರುತ್ತಾರೆ, ಯಾರಿಗೆ ಗದರಿದರೆ ಎರಡು ದಿನ ಮಾತು ನಿಲ್ಲುತ್ತದೆ, ಎಲ್ಲ ಅದರಲ್ಲಿತ್ತು. ತನ್ನ ಠಾಣೆಯಲ್ಲಿ ರೌಡಿಗಳ ಮೇಲೂ ಯಾರೂ ಇಷ್ಟು ಗಮನ ಇಟ್ಟಿರಲಿಲ್ಲ ಎಂದು ಭೈರಪ್ಪನಿಗೆ ಅನ್ನಿಸಿತು. ಹೋಟೆಲಿನಲ್ಲಿ ತಾನಾಡಿದ ಮಾತು ನೆನಪಾಗಿ ಕಿವಿ ಬಿಸಿಯಾಯಿತು.

"ನಾನೆಂತ ಮಾಡ್ಲಿ ಈಗ?"

"ಎಲ್ಲರೆದುರು ಓದಿಸ್ಬೇಡಿ. ಬೈಬೇಡಿ. ಕಾಯ್ಬೇಕು."

"ಎಷ್ಟು ಹೊತ್ತು?"

"ಹೊತ್ತಲ್ಲ ಭೈರಪ್ಪನವರೇ, ದಿನ."

ಕಾಯುವುದು ಅವನಿಗೆ ಬರುತ್ತಿತ್ತು. ಗಂಧದ ಕಳ್ಳರಿಗಾಗಿ ಜಿಗಣೆ ಕಚ್ಚಿಸಿಕೊಂಡು ಪೊದೆಯಲ್ಲಿ ಮೂರು ದಿನ ಕೂತವನು ಅವನು. ದಾರಿಯುದ್ದಕ್ಕೂ ಯೋಚಿಸಿ ಮಾರನೇ ಬೆಳಿಗ್ಗೆ ಶಾಲೆಯಲ್ಲಿ ಘೋಷಿಸಿದ. "ಠಾಣೆ ಅಂದ್ಮೇಲೆ ಒಬ್ರು ರೈಟರ್ ಇರ್ಬೇಕು. ಕಾಗದಪತ್ರ ನೋಡ್ಕಳೋರು. ಇವತ್ತಿಂದ ನೀಲಾಂಬಿಕೆ ನಮ್ಮ ರೈಟರ್."

ಹುಡುಗಿಯ ಮುಖ ಬಿಳಿಚಿಕೊಂಡಿತು. ಅವನು ಹತ್ತಿರ ಕರೆದು ಮೆತ್ತಗೆ ಹೇಳಿದ. "ಹೆಚ್ಚೇನಿಲ್ಲ. ದೂರು ಬಂದಾಗ ಮೇಲ್ಗಡೆ ಕೊಟ್ಟವರ ಹೆಸರು ಬರೆದ್ರಾಯ್ತು. ಹದಿಮೂರೇ ಹೆಸರು. ನಿಂಗೆ ಎಲ್ರೂ ಗೊತ್ತಲ್ಲ?"

ಊಟದ ಬಿಡುವಿನಲ್ಲಿ ಅಡುಗೆಕೋಣೆಯ ಮೆಟ್ಟಿಲ ಮೇಲೆ ಇಬ್ಬರೂ ಕೂತು ಹೆಸರುಗಳನ್ನು ಬಿಡಿಸಿದರು. ಅವಿನಾಶದಲ್ಲಿ ಅ, ಸಂಪದಾದಲ್ಲಿ ಸೊನ್ನೆ. ಅರ್ಪಣಾದ ಅರ್ಕಾವತ್ತು ಎದುರಾದಾಗ ಮೂರು ದಿನ ಇಬ್ಬರೂ ಬೆವರಿದರು, ಯಾಕೆಂದರೆ 'ರ' ಎಂಬುದು 'ಪ'ದ ಮುಂಚೆ ಕೇಳಿಸಿ ಆಮೇಲೆ ಯಾಕೆ ಬರೆಸಿಕೊಳ್ಳುತ್ತದೆ ಎಂದು ಅವಳು ಬಿಡದೆ ಕೇಳುತ್ತಿದ್ದಳು. ಭೈರಪ್ಪ ಮಾಲತಿ ಟೀಚರಿಗೆ ಫೋನು ಮಾಡಿ ಕೇಳಿದ. ಒಂದು ದಿನ ಕಲಿತದ್ದು ಮರುದಿನ ಮರೆತುಹೋಗುತ್ತಿತ್ತು. ಎರಡು ಸಲ ಅವನಿಗೆ ಗದರುವಷ್ಟು ಸಿಟ್ಟು ಬಂತು. ಎರಡೂ ಸಲ ಎದ್ದು ಹೋಗಿ ಬಾವಿಕಟ್ಟೆ ಸುತ್ತಿ ಬಂದ. ಪೊದೆಯೇ ಎಷ್ಟೋ ಸುಖವಾಗಿತ್ತು.

ನಾಲ್ಕನೇ ವಾರ ಅವಳು ಹೆಸರಿನ ಕೆಳಗಿನ ಸಾಲನ್ನೂ ಇಣುಕಿ ನೋಡತೊಡಗಿದಳು. ಹುಂಜದ ಮೇಲಿನ ಹೊಸ ದೂರನ್ನು ಹಿಡಿದು, ತುಟಿ ಅಲುಗಿಸುತ್ತ, ಅಕ್ಷರಕ್ಕೆ ಅಕ್ಷರ ಸೇರಿಸುತ್ತ ಕೊನೆ ಮುಟ್ಟಿ ಕಿಸಕ್ಕನೆ ನಕ್ಕಳು. ಯಾರೂ ಹೇಳಿಕೊಡದೆ, ಸರಿಯಾದ ಜಾಗದಲ್ಲಿ ನಕ್ಕಿದ್ದಳು. ಭೈರಪ್ಪ ಕೈಯಲ್ಲಿದ್ದ ಚಹಾ ಕುಡಿಯುವುದನ್ನೇ ಮರೆತ.

ಆರನೇ ವಾರದ ಗುರುವಾರ ಮೇಜಿನ ಮೇಲೆ ನಾಲ್ಕಾಗಿ ಮಡಚಿದ ಹಾಳೆಯೊಂದಿತ್ತು. ಅಕ್ಷರಗಳು ಇರುವೆ ಸಾಲಿನಂತೆ ಮೇಲೆ ಕೆಳಗೆ ಹೋಗಿದ್ದವು.

"ಪೊಲೀಸ್ ಮೇಸ್ಟ್ರ ಮೇಲೆ ದೂರು. ಅವರು ದಿನಾ ಬೋರ್ಡಿನಲ್ಲಿ ರೈಟರ್ ನೀಲಂಬಿಕೆ ಅಂತ ಬರೆಯುತಾರೆ. ನಾನು ನೀಲಂಬಿಕೆ ಅಲ್ಲ. ನಾನು ನೀಲಾಂಬಿಕೆ. ಲಾ ಗೆ ದೀರ್ಗ ಕೊಡಬೇಕು."

ಭೈರಪ್ಪ ತಿರುಗಿ ಬೋರ್ಡ್ ನೋಡಿದ. ದೀರ್ಘ ಇರಲಿಲ್ಲ.

"ನಾನು ಠಾಣೇಲಿ ಮೂವತ್ತನಾಲ್ಕು ವರ್ಷ ಹಿಂಗೇ ಬರ್ಕಂಡು ಬಂದಿದೀನಲ್ಲ," ಎಂದ ಸುಮ್ಮನೆ, ಸೋಲೊಪ್ಪಲು ಮನಸ್ಸಿಲ್ಲದೆ.

"ಬಾಯಿ ಬಿಟ್ಟು ಹೇಳಿ ಸಾರ್," ಎಂದಳು ನೀಲಾಂಬಿಕೆ, ಅವನೇ ಕಲಿಸಿದ ದನಿಯಲ್ಲಿ. "ನೀ... ಲಾಂ..."

ಹದಿಮೂರು ಮಕ್ಕಳೂ ಬಾಯಿ ಅಗಲಿಸಿ "ಲಾಂ!" ಎಂದರು. ಅಡುಗೆಕೋಣೆಯಿಂದ ಗಿರಿಯಮ್ಮನೂ "ಲಾಂ!" ಎಂದಳು.

ಆರೋಪಿ ತಪ್ಪೊಪ್ಪಿಕೊಂಡ. ಇಪ್ಪತ್ತು ಸಲ ಬರೆಯಬೇಕೆಂದು ಅವಿನಾಶ ಶಿಕ್ಷೆ ವಿಧಿಸಿದ. ಭೈರಪ್ಪ ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತ ನಿಂತ. ಆರನೇ ಸಲಕ್ಕೇ ಕಣ್ಣು ಮಂಜಾಗಿ ಸಾಲು ಡೊಂಕಾಯಿತು. ಸೀಮೆಸುಣ್ಣದ ಪುಡಿ ಕಣ್ಣಿಗೆ ಬಿತ್ತು ಎಂದು ಮಕ್ಕಳಿಗೆ ಹೇಳಿದ. ಅವರು ನಂಬಿದರು.

ಮುಂದಿನ ಸೋಮವಾರ ಮಾಲತಿ ಟೀಚರ್ ಕೋಲೂರಿಕೊಂಡು ಬಂದರು. ದೂರುಗಳ ಕಟ್ಟನ್ನು ಪೂರ್ತಿ ಓದಿದರು. ನೀಲಾಂಬಿಕೆಯದನ್ನು ಎರಡು ಸಲ ಓದಿ, ಕಟ್ಟಿನಿಂದ ಬೇರೆ ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು. "ಶನಿವಾರ ಶನಿವಾರ ಬರ್ತೀರಲ್ಲ ಭೈರಪ್ಪನವರೇ?" ಎಂದರು.

"ನೋಡಣ," ಎಂದ ಭೈರಪ್ಪ, ಬಹಳ ಕೆಲಸವಿರುವವನಂತೆ.

ಆ ಭಾನುವಾರ ಅವನು ಶೃಂಗೇರಿ ಬಸ್ಸು ಹತ್ತಿದ. ತನಗೆ ನಾಲ್ಕನೇ ತರಗತಿಯಲ್ಲಿ ಪಾಠ ಹೇಳಿದ ಪರಮೇಶ್ವರ ಮೇಷ್ಟ್ರು ಅಲ್ಲಿ ಮಗಳ ಮನೆಯಲ್ಲಿದ್ದಾರೆಂದು ಯಾರೋ ಹೇಳಿದ್ದರು. ಬಾಗಿಲು ತೆಗೆದ ಮಗಳು ಅವನ ಮೀಸೆ ಮತ್ತು ಬೂಟು ನೋಡಿ, "ಎಂತ ಆಯ್ತು? ಯಾರ ಮೇಲೆ ಕೇಸು?" ಎಂದು ಗಾಬರಿಯಾದಳು. ಸುಮ್ಮನೆ ನೋಡಿಹೋಗಲು ಬಂದದ್ದು ಎಂದು ನಂಬಿಸಲು ಅವನಿಗೆ ಐದು ನಿಮಿಷ ಹಿಡಿಯಿತು.

ಒಳಗೆ ಎಂಬತ್ತೇಳರ ಮೇಷ್ಟ್ರು ಕನ್ನಡಕ ಏರಿಸಿ ದಿಟ್ಟಿಸಿದರು. "ಭೈರ ಅಲ್ದನಾ? ಕಿಟಕಿ ಪಕ್ಕ ಕೂರ್ತಿದ್ದೆ. ಏಡಿ ಹಿಡಿಯಕ್ಕೆ ಹಳ್ಳಕ್ಕೆ ಓಡ್ತಿದ್ದೆ. ಬಾ ಮಾಣಿ, ಕೂತ್ಕ."

ಅರವತ್ತೊಂದರ ಮಾಣಿ ಕೂತ. ಕೂತವನೇ ಕೇಳಿದ. "ನಾವು ನಲವತ್ತು ಜನ ಇದ್ವಲ್ಲ ಸಾರ್. ಹೆಂಗೆ ತಡ್ಕಂಡ್ರಿ?"

"ಎಲ್ಲಿ ತಡ್ಕಂಡೆ!" ಮೇಷ್ಟ್ರು ನಕ್ಕರು. "ಕೆಲಸಕ್ಕೆ ಸೇರಿ ಹನ್ನೊಂದನೇ ದಿನ ಟ್ರಂಕು ತಗಂಡು ರಸ್ತೆಗೆ ಬಂದು ನಿಂತಿದ್ದೆ, ಬಿಟ್ಟು ಹೋಗಣ ಅಂತ. ಬಸ್ಸು ಎಲ್ಲೋ ಕೆಟ್ಟು ನಿಂತಿತ್ತು, ಬರಲೇ ಇಲ್ಲ. ಅಷ್ಟರಲ್ಲಿ ಮೂರು ಮಕ್ಕಳು ಬಂದು ಟ್ರಂಕಿನ ಮೇಲೆ ಕೂತ್ಕಂಡ್ವು. ಮೇಷ್ಟ್ರೇ, ನಿನ್ನೆ ಕಥೆಲಿ ನರಿ ಬಾವಿಗೆ ಬಿತ್ತಲ್ಲ, ಆಮೇಲೆ ಎಂತಾಯ್ತು ಅಂತ ಕೇಳಿದ್ವು. ಸರಿ, ಅದೊಂದು ಮುಗಿಸಿ ಹೋಗಣ ಅಂತ ವಾಪಸ್ ಬಂದೆ."

"ಆಮೇಲೆ?"

"ಆಮೇಲೆ ಎಂತ, ಮೂವತ್ತಾರು ವರ್ಷ." ಮೇಷ್ಟ್ರು ಮುಂದಕ್ಕೆ ಬಾಗಿದರು. "ಅದಿರಲಿ, ನಿಂಗೆ ಮಕ್ಕಳೆಷ್ಟು?"

ಸ್ವಂತದ್ದು ಒಬ್ಬಳೇ ಮಗಳು. ಆದರೆ ಭೈರಪ್ಪನ ಬಾಯಿಂದ ಬೇರೆಯೇ ಬಂತು.

"ಹದಿಮೂರು ಸಾರ್."

ಅಡುಗೆಮನೆಯಲ್ಲಿ ಲೋಟವೊಂದು ಟಣ್ಣನೆ ಬಿತ್ತು. "ಹದಿಮೂರಾ!" ಎನ್ನುತ್ತ ಮೇಷ್ಟ್ರ ಮಗಳು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳಿಗೆ ವಿವರಿಸಲು ಪುರುಸೊತ್ತಾಗಲಿಲ್ಲ. ಒಬ್ಬೊಬ್ಬರ ಹೆಸರೂ ಹೇಳು ಎಂದು ಮೇಷ್ಟ್ರು ಆಗಲೇ ಬೆರಳು ಮಡಚಲು ಸಿದ್ಧರಾಗಿದ್ದರು, ಭೈರಪ್ಪ ಶುರು ಮಾಡಿದ.