ಹದಿನೆಂಟನೆಯ ಈಜುಗಾರ್ತಿ

ಹೊಟ್ಟೆಕಿಚ್ಚು ಲೋರೆಟ್ಟಾ ಹೌಗೆನ್‌ಳ ಹುಟ್ಟುಗುಣವೇನಲ್ಲ. ಆಲ್ಡರ್ ರಿಡ್ಜ್ ಕಾಲೇಜಿನ ಹುಡುಗಿಯರ ಈಜು ತಂಡಕ್ಕೆ ಕೋಚ್ ಆಗಿ ಬಂದಾಗ ಅವಳಷ್ಟು ನಗುಮುಖದ ಹೆಂಗಸು ಆ ಊರಲ್ಲೇ ಇರಲಿಲ್ಲ ಎನ್ನುವವರು ಈಗಲೂ ಸಿಗುತ್ತಾರೆ. ಅದು ಶುರುವಾದದ್ದು ಕರ್ಟ್ ಡೀಟರ್ ಅಮೆರಿಕನ್ ಫುಟ್‌ಬಾಲಿನ ಕೋಚ್ ಆಗಿ ಕಾಲಿಟ್ಟ ಮೇಲೆ. ಬಂದ ವರ್ಷವೇ ಅವನ ಮೈದಾನಕ್ಕೆ ಹೊಸ ಹುಲ್ಲು ಹಾಸಿದರು. ನೀರು ಕೇಳದ, ಬೆಳೆಯದ, ಬಾಡದ ಪ್ಲಾಸ್ಟಿಕ್ ಹುಲ್ಲು. ಮರುವರ್ಷ ಮನೆಯಷ್ಟು ದೊಡ್ಡ ಸ್ಕೋರ್ ಬೋರ್ಡ್ ಎದ್ದು ನಿಂತಿತು. ಆಮೇಲೆ ಸಾಲಾಗಿ ಸಹಾಯಕ ಕೋಚ್‌ಗಳು ಬಂದರು. ಅಷ್ಟೂ ಕಾಲದಲ್ಲಿ ಲೋರೆಟ್ಟಾಳ ಈಜುಕೊಳಕ್ಕೆ ಬಂದದ್ದು ಒಂದು ಬಕೆಟ್ಟು. ಅದೂ ಚಾವಣಿ ಸೋರುವ ಕಡೆ ಇಡಲಿಕ್ಕೆ.

ಇದಕ್ಕೆಲ್ಲ ಕಾರಣ ಏನೆಂದು ಅವಳಿಗೆ ತಿಳಿಯದೆ ಇರಲಿಲ್ಲ. ಇಂಥ ಸಣ್ಣ ಕಾಲೇಜುಗಳಲ್ಲಿ ಆಟಗಾರರಿಗೆ ಆಟದ ಹೆಸರಲ್ಲಿ ಬಿಡಿಗಾಸೂ ಕೊಡುವುದಿಲ್ಲ. ಆಟಗಾರರೇ ಫೀಸು ಕಟ್ಟಿ ಬಂದು ಆಡಬೇಕು. ಕೋಚ್ ಎಂದರೆ ಅರ್ಧ ಗುರು, ಅರ್ಧ ದಲ್ಲಾಳಿ. ವರ್ಷಪೂರ್ತಿ ಹೈಸ್ಕೂಲುಗಳಿಗೆ ಅಲೆದು ಮಕ್ಕಳ ಮನವೊಲಿಸಿ ಕರೆತಂದರೆ ಕಾಲೇಜಿನ ದೀಪ ಉರಿಯುತ್ತದೆ. ಡೀಟರ್ ನೂರಕ್ಕೂ ಹೆಚ್ಚು ಹುಡುಗರನ್ನು ತಂದಿದ್ದ. ಅವರಲ್ಲಿ ಅರ್ಧಕ್ಕರ್ಧ ಜನ ಆಟದ ದಿನ ಅಂಗಿ ಕೊಳೆ ಮಾಡಿಕೊಳ್ಳದೆ ಬೆಂಚಿನ ಪಕ್ಕ ನಿಂತೇ ಇರುತ್ತಿದ್ದರು. ಆದರೆ ನಿಂತವನ ಫೀಸೂ ಓಡಿದವನ ಫೀಸೂ ಒಂದೇ. ಇದು ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆಯ ಉರಿ ಆರುತ್ತದೆಯೇ? ಕಾರಣ ತಿಳಿದ ಮೇಲೆ ಅದು ಇನ್ನೂ ಚೆನ್ನಾಗಿ ಹತ್ತಿಕೊಂಡಿತು.

ಶನಿವಾರಗಳು ಬಂದರಂತೂ ಕೇಳುವುದೇ ಬೇಡ. ಫುಟ್‌ಬಾಲ್ ಆಟ ಇದ್ದ ದಿನ ಮೈದಾನದ ತಿಂಡಿ ಮಳಿಗೆ ನಡೆಸುವುದು ಸಣ್ಣ ತಂಡಗಳ ಪಾಲಿಗೆ ಬರುವುದು ಅಲ್ಲಿನ ರೂಢಿ. ಬಂದ ಲಾಭ ಆ ತಂಡದ ಖರ್ಚಿಗೆ. ಈಜಿನವರಿಗೆ ಪಂದ್ಯಗಳು ಚಳಿಗಾಲದಲ್ಲಿ, ಹಾಗಾಗಿ ಶರತ್ಕಾಲದ ಮಳಿಗೆ ಪೂರ್ತಿ ಅವರದೇ. ಲೋರೆಟ್ಟಾ ಏಪ್ರನ್ ಕಟ್ಟಿಕೊಂಡು ಸಾಸೇಜು ಸುಡುವಳು. ಅವಳ ಹುಡುಗಿಯರು ಚಿಪ್ಸ್ ಪೊಟ್ಟಣವನ್ನು ಬಾಯಿಬಿಡಿಸಿ ಅದರೊಳಕ್ಕೇ ಬಿಸಿ ಖೀಮಾ ಸುರಿದು ಚಮಚ ಚುಚ್ಚಿ ಕೊಡುವರು. ತಂಡ ಜನವರಿಯಲ್ಲಿ ಫ್ಲಾರಿಡಾಕ್ಕೆ ಹೋಗಿ ಬಿಸಿಲಲ್ಲಿ ಅಭ್ಯಾಸ ಮಾಡುವುದು ಇದೇ ದುಡ್ಡಿನಲ್ಲಿ. ಇದರಲ್ಲೊಂದು ಸಂಕಟವಿತ್ತು. ಡೀಟರ್ ಗೆದ್ದರೆ ಮುಂದಿನ ವಾರ ಜನ ಕಿಕ್ಕಿರಿದು ಬರುತ್ತಿದ್ದರು, ಸೋತರೆ ಸಾಸೇಜು ಉಳಿಯುತ್ತಿತ್ತು. ಯಾವನು ಮಣ್ಣುಮುಕ್ಕಲಿ ಎಂದು ಅವಳ ಒಳಮನಸ್ಸು ಹಾರೈಸುತ್ತಿತ್ತೋ ಅವನ ಗೆಲುವಿಗಾಗಿಯೇ ಅವಳು ಸಾಸೇಜು ತಿರುವುತ್ತ ಪ್ರಾರ್ಥನೆ ಮಾಡಬೇಕಿತ್ತು.

ಆ ಸೆಪ್ಟೆಂಬರಿನಲ್ಲಿ ಕ್ರೀಡಾ ವಿಭಾಗದ ಮುಖ್ಯಸ್ಥ ಹ್ಯಾಂಕ್ ಪ್ರಾಟ್ ಅವಳನ್ನು ಕರೆದು ಕೂರಿಸಿ, ಮೆತ್ತಗಿನ ದನಿಯಲ್ಲಿ ಕುತ್ತಿಗೆಗೆ ಕತ್ತಿ ಇಟ್ಟ. ಮುಂದಿನ ವರ್ಷಕ್ಕೆ ಹದಿನೆಂಟು ಹುಡುಗಿಯರು ಬೇಕು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದೊಳಗೆ ಹೆಸರು ಕೊಡಬೇಕು, ಟ್ರಸ್ಟಿಗಳು ಆಗ ಸಭೆ ಸೇರುತ್ತಾರೆ. ಒಬ್ಬಳು ಕಡಿಮೆಯಾದರೂ ಕೊಳ ಬತ್ತಿಸಿ ತಂಡ ಮುಚ್ಚುವುದು. ಆ ಸ್ಕೋರ್ ಬೋರ್ಡಿನ ದುಡ್ಡಲ್ಲಿ ನನ್ನ ಕೊಳಕ್ಕೆ ಎಷ್ಟು ಚಾವಣಿ ಬರುತ್ತಿತ್ತು ಎಂದು ಅವಳು ಕೇಳಿದಳು. ಡೀಟರ್ ವಿಷಯ ಈಗ ಬೇಡ ಎಂದ ಹ್ಯಾಂಕ್.

ಹಳೆಯ ಹುಡುಗಿಯರೂ ಬರುವೆವೆಂದು ಮಾತು ಕೊಟ್ಟವರೂ ಸೇರಿ ಹದಿನೇಳಾದರು. ಹದಿನೆಂಟನೆಯವಳು ಜೋಸಿ ವ್ರೂಮ್. ಎರಡು ಗಂಟೆ ದಾರಿಯ ಊರಿನವಳು, ಅಂಗಾತ ಈಜುವುದರಲ್ಲಿ ಎತ್ತಿದ ಕೈ. ಎರಡು ವರ್ಷದಿಂದ ಲೋರೆಟ್ಟಾ ಅವಳ ಹಿಂದೆ ಬಿದ್ದಿದ್ದಳು. ತಾಯಿ ಆಸ್ಪತ್ರೆಯಲ್ಲಿ ದುಡಿಯುವವಳು, ಬಿಡುವಿಲ್ಲ. ಹಾಗಾಗಿ ಕೊಳ ನೋಡಲು ಜೋಸಿ ಗೆಳತಿಯ ಕಾರಿನಲ್ಲಿ ಬಂದು ಹೋಗಿದ್ದಳು. ಮನೆಯಲ್ಲಿ ಒಪ್ಪಿದರೆ ಖಂಡಿತ ಬರುವೆನೆಂದು ಫೋನಿನಲ್ಲಿ ಹೇಳಿ, "ನಮ್ಮಣ್ಣನೂ ಫುಟ್‌ಬಾಲ್ ಆಡ್ತಾನೆ ಕೋಚ್, ಅವನೂ..." ಎಂದು ಏನೋ ಶುರುಮಾಡಿದ್ದಳು. ಫುಟ್‌ಬಾಲ್ ಎಂಬ ಮಾತು ಕಿವಿಗೆ ಬಿದ್ದದ್ದೇ ಲೋರೆಟ್ಟಾ ಮಾತನ್ನು ಈಜುವಾಗ ಭುಜ ಬೀಸುವ ರೀತಿಯ ಕಡೆಗೆ ಹೊರಳಿಸಿಬಿಟ್ಟಳು. ಮನೆಯ ನಾಯಿಯ ಹೆಸರನ್ನೂ ಬಿಡದೆ ಕೇಳುವ ಕೋಚ್, ಅಣ್ಣನ ಸುದ್ದಿಯೊಂದನ್ನು ಮಾತ್ರ ಕೇಳಲಿಲ್ಲ.

ಅಕ್ಟೋಬರಿನ ಒಂದು ಶನಿವಾರ ಡೀಟರ್ ತಾನು ಕರೆಸಿಕೊಂಡಿದ್ದ ಹೈಸ್ಕೂಲು ಹುಡುಗರನ್ನೂ ಅವರ ಮನೆಯವರನ್ನೂ ಹಿಂಡಾಗಿ ಮಳಿಗೆಯ ಮುಂದೆ ತಂದು ನಿಲ್ಲಿಸಿದ. ಎಲ್ಲರಿಗೂ ತನ್ನ ಲೆಕ್ಕದಲ್ಲಿ ಕೊಡಿ ಎಂದ. "ಇವ್ರೇ ನೋಡಿ ನಮ್ಮ ಮಳಿಗೆಯ ಒಡತಿ. ಇವ್ರ ಕೈಯ ಸಾಸೇಜು ತಿಂದೋರು ಯಾರೂ ಈ ಕಾಲೇಜು ಬಿಟ್ಟು ಹೋಗಲ್ಲ" ಎಂದು ನಕ್ಕ. ಅವನು ಹೊಗಳಿದ್ದೇ. ಆದರೆ ಕೋಚ್ ಎನ್ನಲಿಲ್ಲ. ಇವಳೂ ಒಂದು ತಂಡ ಕಟ್ಟಿದವಳು ಎನ್ನಲಿಲ್ಲ. ಮನೆಯ ಅಡುಗೆಯವಳನ್ನು ನೆಂಟರಿಗೆ ತೋರಿಸಿದ ಹಾಗೆ ತೋರಿಸಿ ಹೋದ. ಅವಳ ಮೈಯೆಲ್ಲ ಉರಿದುಹೋಯಿತು.

ಅರ್ಧ ಆಟದ ವಿರಾಮದಲ್ಲಿ ಆ ಹಿಂಡಿನ ಒಬ್ಬ ಹೆಂಗಸು ಒಂಟಿಯಾಗಿ ಬಂದು ಬಿಸಿ ಚಾಕೊಲೇಟು ಕೇಳಿದಳು. ಸೋತ ಮುಖ, ನಿಂತು ನಿಂತು ಸವೆದ ಬಿಳಿ ಬೂಟು.

"ನೀವು ಇಲ್ಲಿಯೋರೇ ಅಲ್ವಾ? ಒಂದು ನಿಜ ಹೇಳ್ತೀರಾ?" ಎಂದಳು. "ನನ್ನ ಮಗ ಇಲ್ಲಿಗೆ ಸೇರಿದ್ರೆ ಆಟ ಆಡ್ತಾನಾ?"

ಕೋಚ್‌ನನ್ನೇ ಕೇಳಿ ಎಂದು ಕೈತೊಳೆದುಕೊಳ್ಳಬಹುದಿತ್ತು. ಲೋರೆಟ್ಟಾ ತಲೆ ಎತ್ತಿದಳು. ಆ ಹೆಂಗಸಿನ ಹೆಗಲ ಹಿಂದೆ ಸ್ಕೋರ್ ಬೋರ್ಡು ಝಗಝಗ ಉರಿಯುತ್ತಿತ್ತು.

"ಆ ಬೆಂಚಿನ ಕಡೆ ನೋಡಿ" ಎಂದಳು. "ಇಸ್ತ್ರಿ ಹಾಕಿದ ಹಾಗೆ ನಿಂತಿದ್ದಾರಲ್ಲ ಹುಡುಗ್ರು, ಅವರೆಲ್ಲ ಫೀಸು ಕಟ್ಟೋಕೆ ಬಂದಿರೋರು. ನಾಲ್ಕು ವರ್ಷ ಹಂಗೇ ನಿಂತು ಮನೆಗೆ ಹೋಗ್ತಾರೆ."

"ಕೋಚ್ ಹಂಗೇನೂ ಹೇಳ್ಲಿಲ್ಲ."

"ಹೇಳಿದ್ರೆ ಆ ಬೋರ್ಡಿಗೆ ದುಡ್ಡು ಎಲ್ಲಿಂದ ಬರುತ್ತೆ? ನಾಳೆ ನೀವು ಬೇಡ ಅನ್ನಿ, ಫೋನ್ ಮಾಡ್ತಾನೆ. ನಿಮ್ಮ ಮಗನ್ನ ಖಂಡಿತ ಆಡಿಸ್ತೀನಿ ಅಂತ ಆಣೆ ಇಡ್ತಾನೆ. ನಂಬಬೇಡಿ."

ಹೆಂಗಸು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮನೆಯಲ್ಲಿ ಇಬ್ಬರನ್ನು ಒಂದೇ ವರ್ಷ ಕಾಲೇಜಿಗೆ ಸೇರಿಸಬೇಕಿದೆ, ಒಂದೇ ಕಡೆ ಸೇರಿಸಿದರೆ ಎರಡನೆಯವರಿಗೆ ಫೀಸು ಇಳಿಸುತ್ತಾರಂತೆ, ಆ ಆಸೆಗೆ ಇಲ್ಲಿತನಕ ಬಂದೆವು ಎಂದಳು. ಲೋರೆಟ್ಟಾಳ ಕಿವಿ ಅದನ್ನು ಕೇಳಿತು, ತಲೆ ಕೇಳಲಿಲ್ಲ. ಆ ಆಸೆಗೆ ಬಿದ್ದು ಮಗನ ನಾಲ್ಕು ವರ್ಷ ಹಾಳುಮಾಡಬೇಡಿ ಎಂದು ಬುದ್ಧಿ ಹೇಳಿದಳು. ಚಾಕೊಲೇಟಿಗೆ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಹೆಂಗಸು ಅವಳ ಕೈ ಹಿಡಿದು ಒತ್ತಿ ಹೋದಳು.

ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಲೋರೆಟ್ಟಾಳ ಹೊಟ್ಟೆ ತಣ್ಣಗಾಯಿತು. ಡೀಟರ್‌ನ ನೂರು ತಲೆಗಳಲ್ಲಿ ಒಂದನ್ನು ಕಿತ್ತ ಸುಖ ಅದು. ಆವತ್ತು ಅವನು ಗೆದ್ದದ್ದೂ ಅವಳನ್ನು ಕಾಡಲಿಲ್ಲ. ಉಳಿದ ಸಾಸೇಜನ್ನು ಹುಡುಗಿಯರಿಗೆ ಹಂಚಿ, ಹಾಡು ಗುನುಗುತ್ತ ಒಲೆ ತಿಕ್ಕಿದಳು.

ಹಬ್ಬಕ್ಕೆ ಸ್ವಲ್ಪ ದಿನ ಇರುವಾಗ ಜೋಸಿಯ ಫೋನು ಬಂತು.

"ಕೋಚ್, ನಾನು ಬರೋಕಾಗಲ್ಲ. ನಾನೂ ನಮ್ಮಣ್ಣ ಕೇಡ್‌ನೂ ಅವಳಿ ಮಕ್ಕಳು, ಇಬ್ರೂ ಒಂದೇ ಕಡೆ ಸೇರಿದ್ರೇನೇ ಅಮ್ಮನಿಗೆ ಫೀಸು ಕಟ್ಟೋಕಾಗೋದು. ಅವನು ನಿಮ್ಮಲ್ಲಿಗೆ ಬೇಡ ಅಂತಾಯ್ತು. ಅಮ್ಮ ಅವನ ಜೊತೆ ಆಟ ನೋಡೋಕೆ ಬಂದಿದ್ಲಲ್ಲ, ಅಲ್ಲಿ ಸಾಸೇಜು ಮಾರೋ ಆಂಟಿ ಒಬ್ರು ಎಲ್ಲಾ ಬಿಡಿಸಿ ಹೇಳಿದ್ರಂತೆ."

ಲೋರೆಟ್ಟಾ ಮುಂದಿದ್ದ ಹೆಸರಿನ ಪಟ್ಟಿಯನ್ನು ಮಗುಚಿಟ್ಟಳು.

"ಇಡೀ ಕಾಲೇಜಲ್ಲಿ ನಿಜ ಹೇಳಿದ್ದು ಅವರೊಬ್ರೇ ಅಂತ ಅಮ್ಮ ದಿನಾ ನೆನೆಸ್ಕೋತಾಳೆ. ಅವರು ಯಾರು ಅಂತ ನಿಮಗೆ ಗೊತ್ತಾದ್ರೆ ನಮ್ಮ ಪರವಾಗಿ ಥ್ಯಾಂಕ್ಸ್ ಹೇಳ್ತೀರಾ?"

"ಹೇಳ್ತೀನಿ" ಎಂದಳು ಲೋರೆಟ್ಟಾ.

ಆಮೇಲೆ ಅವಳು ಮಾಡಿದ್ದು ಹಿಂದೆಂದೂ ಮಾಡದ ಕೆಲಸ. ಡೀಟರ್‌ನ ಕೋಣೆಗೆ ನಡೆದು ಹೋದಳು. ಮೆತ್ತನೆಯ ಕುರ್ಚಿ, ಗೋಡೆ ತುಂಬಾ ಟಿವಿ, ನೆಲಕ್ಕೆ ಕಾಲೇಜಿನ ಬಣ್ಣದ ಜಮಖಾನ. ಇದೆಲ್ಲವನ್ನೂ ಈ ಸಂಕಟದಲ್ಲೂ ಅವಳ ಕಣ್ಣು ಬಿಡದೆ ನೋಡಿತು. ಕೇಡ್ ಎಂಬ ಹುಡುಗನನ್ನು ಹೇಗಾದರೂ ಮಾಡಿ ತಿರುಗಿ ಕರೆಸು ಎಂದು ಕೇಳಿದಳು. ಡೀಟರ್‌ಗೆ ಆ ಹುಡುಗ ತಪ್ಪಿಹೋದ ಬೇಸರ ಮೊದಲೇ ಇತ್ತು. ಎರಡನೇ ವರ್ಷಕ್ಕೆಲ್ಲ ಮೈದಾನಕ್ಕೆ ಇಳಿಸುವಂಥ ಹುಡುಗ ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು.

"ಅವನ ತಂಗಿ ಈಜ್ತಾಳೆ ಅಂತ ಗೊತ್ತಾದ್ಮೇಲೇ ನಾನು ಅವನ ಬೆನ್ನು ಹತ್ತಿದ್ದು. ನಿಮಗೆ ಒಬ್ಳು ಬೇಕಾಗಿದ್ದಾಳೆ ಅಂತ ಹ್ಯಾಂಕ್ ಹೇಳಿದ್ದ. ಆಟ ಮುಗಿದ್ಮೇಲೆ ತಾಯಿಗೆ ನಿಮ್ಮ ಪರಿಚಯ ಮಾಡಿಸೋಣ ಅಂತಿದ್ದೆ, ಅಷ್ಟರಲ್ಲಿ ಹೊರಟೇ ಹೋಗಿದ್ರು."

ಅವನು ಕೆಟ್ಟವನಾಗಿದ್ದರೆ ಎಷ್ಟು ಸಲೀಸಾಗುತ್ತಿತ್ತು. ಒಳ್ಳೆಯತನದಲ್ಲೂ ಇವನೇ ಮುಂದೆ ಹೋಗಬೇಕೆ ಎಂದು ಅವಳಿಗೆ ಹೊಸದೊಂದು ಉರಿ ಎದ್ದಿತು.

ಡೀಟರ್ ಅವಳ ಎದುರೇ ಫೋನು ಹಚ್ಚಿ, ದನಿ ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ನಿಮ್ಮ ಮಗನನ್ನು ಖಂಡಿತ ಆಡಿಸುತ್ತೇನೆ, ಮಾತು ಕೊಡುತ್ತೇನೆ ಎಂದ. ಆ ಕಡೆ ಆ ತಾಯಿ ಕೊನೆಯ ತನಕ ಕೇಳಿಸಿಕೊಂಡಳು.

"ನೀವು ಹೀಗೇ ಫೋನ್ ಮಾಡಿ ಹೀಗೇ ಹೇಳ್ತೀರಿ ಅಂತ ಅಲ್ಲಿ ತಿಂಡಿ ಮಳಿಗೆಯಲ್ಲಿ ಒಬ್ರು ಮೊದಲೇ ಹೇಳಿದ್ರು" ಎಂದಳು. ಕೋಪವಿರಲಿಲ್ಲ ಆ ಮಾತಿನಲ್ಲಿ, ಬರೀ ದಣಿವಿತ್ತು.

ಡೀಟರ್ ಪೆಚ್ಚಾಗಿ ಲೋರೆಟ್ಟಾಳ ಮುಖ ನೋಡಿದ. ಒಂದೇ ಒಂದು ಮಾತು ಸಾಕಿತ್ತು. ಆ ಹೆಂಗಸು ನಾನೇ, ಈಜಿನ ಕೋಚ್ ನಾನೇ, ಹೊಟ್ಟೆಕಿಚ್ಚಿಗೆ ಹಾಗೆಂದೆ, ಈ ಮನುಷ್ಯನನ್ನು ನಂಬಿ. ಆ ತಾಯಿ ದನಿಯ ಗುರುತು ಹಿಡಿಯುತ್ತಿದ್ದಳು, ನಂಬುತ್ತಿದ್ದಳು. ಕೊಳ ಉಳಿಯುತ್ತಿತ್ತು. ಲೋರೆಟ್ಟಾ ಮೇಜಿನ ಕಡೆ ಬಾಗಿದಳು ಕೂಡ. ಆದರೆ ಹೇಳುವುದಾದರೆ ಇವನೆದುರು, ಇವನ ಜಮಖಾನದ ಮೇಲೆ ನಿಂತು ಹೇಳಬೇಕಿತ್ತು. ಕೇಳಿದ ಮೇಲೆ ಇವನು ಕ್ಷಮಿಸಿಯೂ ಬಿಡುತ್ತಿದ್ದ. ಅದನ್ನು ನೆನೆದೇ ಅವಳ ನಾಲಿಗೆ ಹೊರಳಲಿಲ್ಲ. ಆ ಕಡೆ ಫೋನು ಇಟ್ಟ ಸದ್ದಾಯಿತು.

"ಮಳಿಗೆಯಲ್ಲಿದ್ದ ನಿಮ್ಮ ಹುಡುಗೀರಲ್ಲಿ ಯಾರೋ ಬಾಯಿ ತಪ್ಪಿ ಅಂದಿರಬೇಕು" ಎಂದ ಡೀಟರ್. "ಹೋಗ್ಲಿ ಬಿಡಿ, ಬೈಬೇಡಿ ಪಾಪ."

ಬೈಯುವುದಿಲ್ಲ ಎಂದಳು ಲೋರೆಟ್ಟಾ.

ಆ ಶನಿವಾರ ವರ್ಷದ ಕೊನೆಯ ಆಟ. ತಂಡ ಮುಚ್ಚುವ ಸುದ್ದಿಯನ್ನು ಹುಡುಗಿಯರಿಗೆ ಸೋಮವಾರ ಹೇಳೋಣ ಎಂದು ಹ್ಯಾಂಕ್ ತಿಳಿಸಿದ್ದ. ಏನೂ ಅರಿಯದ ಹುಡುಗಿಯರು ಕೂಗಿ ಕರೆದು ಪೊಟ್ಟಣ ಮಾರುತ್ತಿದ್ದರು. ಡೀಟರ್ ಬಂದು ಅವರೆಲ್ಲರ ಜೊತೆ ಎಂದಿಗಿಂತ ಹೆಚ್ಚು ಪ್ರೀತಿಯಿಂದ ಮಾತಾಡಿ ಹೋದ. ಇವರಲ್ಲಿ ಯಾರಾಗಿರಬಹುದು ಎಂದು ಅವನ ಕಣ್ಣು ಹುಡುಕಿದ್ದು ಲೋರೆಟ್ಟಾಗೆ ಕಂಡಿತು. ಅವಳು ಬಗ್ಗಿ ಒಲೆ ನೋಡಿಕೊಂಡಳು. ಅವನ ಹುಡುಗರು ಮೇಲಿಂದ ಮೇಲೆ ಅಂಕ ಗಳಿಸಿದರು, ಜನ ಮೈದಾನ ಒಡೆದುಹೋಗುವಂತೆ ಕೂಗಿದರು, ಮಳಿಗೆಯ ಸಾಲು ಗೇಟಿನ ತನಕ ಬೆಳೆಯಿತು. ಆವತ್ತು ಸಾಸೇಜು ಒಂದೂ ಉಳಿಯಲಿಲ್ಲ.