ಸಣ್ಣಯ್ಯ ಮರಳು ಜಾಲಿಸಿದ್ದು

ಸಣ್ಣಯ್ಯ ಮಿಲಿಟರಿಯಿಂದ ನಿವೃತ್ತನಾಗಿ ಹಾರನಹಳ್ಳಿ ಪಕ್ಕದ ತನ್ನ ಊರಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಬೆಳಿಗ್ಗೆ ಐದಕ್ಕೇ ಏಳುತ್ತಿದ್ದ, ಎರಡೆಕರೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದ, ಯಾರ ತಂಟೆಗೂ ಹೋಗುತ್ತಿರಲಿಲ್ಲ. ಅವನ ವಿಷಯದಲ್ಲಿ ಊರಿಗೆ ಅರ್ಥವಾಗದೆ ಉಳಿದದ್ದು ಒಂದೇ. ಹೊಗೆಸೊಪ್ಪಿನ ಕೆಲಸ ಮುಗಿದು ಹಳ್ಳಗಳಲ್ಲಿ ನೀರು ಇಳಿದ ಮೇಲೆ, ಪ್ರತಿ ಭಾನುವಾರ ಮೊಪೆಡ್ಡಿನ ಹಿಂದೆ ಒಂದು ಮೆಟಲ್ ಡಿಟೆಕ್ಟರನ್ನೂ ಒಂದು ಅಗಲವಾದ ತಟ್ಟೆಯನ್ನೂ ಕಟ್ಟಿಕೊಂಡು ಚಿನ್ನ ಹುಡುಕಲು ಹೊರಟುಬಿಡುತ್ತಿದ್ದ.

ಈ ಹುಚ್ಚು ಅವನಿಗೆ ಹತ್ತಿದ್ದು ಲಡಾಖಿನಲ್ಲಿ. ಅಲ್ಲಿ ಅವನ ಕೆಲಸ ನೆಲದಲ್ಲಿ ಹುದುಗಿಸಿಟ್ಟ ಸಿಡಿಮದ್ದಿನ ಮೈನುಗಳನ್ನು ಮಿಷನ್ನಿನಿಂದ ಹುಡುಕುವುದು. ಬಿಟ್ಟ ಉಸಿರು ಮೀಸೆಯ ಮೇಲೆ ಮಂಜಾಗುವ ಆ ಚಳಿಯಲ್ಲಿ ಒಂದು ದಿನ ಅವನ ಹಿಂದಿನಿಂದ ಯಾರೋ, "ಯಾವೂರ್ಲಾ ನಿಂದು?" ಅಂತ ಅಚ್ಚ ಪಿರಿಯಾಪಟ್ಟಣದ ಕನ್ನಡದಲ್ಲಿ ಕೇಳಿದ್ದರು. ತಿರುಗಿ ನೋಡಿದರೆ ಒಬ್ಬ ಟಿಬೆಟಿನವನು. ಬೈಲಕುಪ್ಪೆಯಲ್ಲಿ ಹುಟ್ಟಿ ಬೆಳೆದು ಮಿಲಿಟರಿ ಸೇರಿದ್ದ ಲೋಬ್ಸಾಂಗ್. ರಜೆಯ ದಿನ ಇಬ್ಬರೂ ನದಿಯ ದಡಕ್ಕೆ ಹೋಗುತ್ತಿದ್ದರು. ಬೇಸಿಗೆಯಲ್ಲಿ ಹಿಮ ಕರಗಿ ಮರಳು ಕಂಡಾಗ ಅಲ್ಲಿನ ಹಳ್ಳಿಯವರು ಮರದ ತಟ್ಟೆಯಲ್ಲಿ ಅದನ್ನು ತೊಳೆದು ಚಿನ್ನದ ಹುಡಿ ತೆಗೆಯುತ್ತಿದ್ದರು. ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೈ ಮರಗಟ್ಟಿಸಿಕೊಂಡು ಇವರಿಬ್ಬರೂ ಕಲಿತರು. ಲೋಬ್ಸಾಂಗನ ಹೆಬ್ಬೆರಳಿನ ಮೇಲೆ ಸಾಸಿವೆಯ ಕಾಲು ಭಾಗದಷ್ಟು ಹಳದಿ ಕಂಡ ದಿನ ಸಣ್ಣಯ್ಯನಿಗೆ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ.

ಲೋಬ್ಸಾಂಗನೂ ನಿವೃತ್ತನಾಗಿ ಬೈಲಕುಪ್ಪೆಗೆ ಬಂದ ಮೇಲೆ, ಆರು ವರ್ಷದ ಕೆಳಗೆ, ಡಿಟೆಕ್ಟರನ್ನು ಇಬ್ಬರೂ ಸೇರಿ ಕೊಂಡಿದ್ದರು. ಆ ಭಾನುವಾರ ಲೋಬ್ಸಾಂಗನಿಗೆ ಮಂಡಿ ನೋವು. ಸಣ್ಣಯ್ಯ ಒಬ್ಬನೇ ಹೊರಟ. ಹುಣಸೂರು ದಾಟಿ, ಎಚ್.ಡಿ. ಕೋಟೆ ದಾಟಿ, ಅಂತರಸಂತೆಗೂ ಆಚೆ, ಕಾಡಿನ ಗಡಿಗೆ ಇನ್ನೂ ದೂರವಿರುವಾಗಲೇ ಒಂದು ಹಳ್ಳ ಸಿಕ್ಕಿತು. ತಿರುವಿನಲ್ಲಿ ಗುಂಡುಕಲ್ಲುಗಳ ಹಿಂದೆ ಕರಿಮರಳು ನಿಂತಿತ್ತು. ಚಿನ್ನವಿದ್ದರೆ ಇಂಥ ಕಡೆಯೇ ಇರಬೇಕು. ಅವನು ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಡಿಟೆಕ್ಟರನ್ನು ಅತ್ತಿಂದಿತ್ತ ಆಡಿಸುತ್ತ ನಡೆದ. ಹಿಂದೆ ಜನ ಬಂದು ನಿಂತದ್ದು ಅವನಿಗೆ ಕೇಳಿಸಲೇ ಇಲ್ಲ.

ಯಾರೋ ಹೆಡ್‌ಫೋನು ಕಿತ್ತರು. ಏಳೆಂಟು ಜನ ಇದ್ದರು. ಮುಂದೆ ನಿಂತವನು ಕುಳ್ಳಯ್ಯ. ದಿಬ್ಬದ ಮೇಲಿದ್ದ ಬಸವನ ಗುಡಿಗೆ ದಿನಾ ದೀಪ ಹಚ್ಚುವವನು. ಹೆಸರಿಗೆ ಕುಳ್ಳಯ್ಯನಾದರೂ ಆಳು ಸಣ್ಣಯ್ಯನಿಗಿಂತ ಒಂದು ಗೇಣು ಎತ್ತರವಿದ್ದ.

"ಯಾವೂರಯ್ಯ ನಿಂದು? ಓದ್ವಾರ ಬಸವಣ್ಣನ್ ಬುಡ ಅಗೆದ್ ಓದೋನು ನೀನೇ ಅಲ್ವಾ?"

ಎಂಟು ದಿನದ ಕೆಳಗೆ ಯಾರೋ ಗುಡಿಯ ಬಸವನ ಕೆಳಗೆ ನಿಧಿಗಾಗಿ ಅಗೆದು, ನಿಂಬೆಹಣ್ಣು ಕುಂಕುಮ ಚೆಲ್ಲಿ ಓಡಿಹೋಗಿದ್ದರು. ಕಲ್ಲಿನ ಬಸವ ಒಂದು ಮಗ್ಗುಲಿಗೆ ವಾಲಿ ನಿಂತಿತ್ತು. ಊರು ಇನ್ನೂ ಕುದಿಯುತ್ತಿತ್ತು. ಅಂಥ ಹೊತ್ತಿನಲ್ಲಿ ನೆಲದೊಳಗಿನ ಲೋಹ ತೋರಿಸುವ ಮಿಷನ್ನು ಹಿಡಿದು ಗುಡಿಯ ಕೂಗಳತೆಯಲ್ಲಿ ಓಡಾಡುವ ಪರಸ್ಥಳದವನು ಸಿಕ್ಕಿದರೆ ಯಾರು ತಾನೇ ಸುಮ್ಮನಿರುತ್ತಾರೆ?

"ನಾನು ಮಿಲಿಟ್ರಿಯವ್ನು ಕಣಪ್ಪ. ಗುಡಿ ಕಡೀಕೆ ಓಗೇ ಇಲ್ಲ. ಇದು ಸುಮ್ನೆ ಒಂದು ಅವ್ಯಾಸ," ಅಂದ ಸಣ್ಣಯ್ಯ.

"ಮಿಲಿಟ್ರಿ ಕಾರ್ಡ್ ಎಲ್ಲಿ, ತೋರ್ಸು."

ಜೇಬಿಗೆ ಕೈ ಹಾಕಿದ. ಕಾರ್ಡು ಮನೆಯಲ್ಲಿ, ಇನ್ನೊಂದು ಅಂಗಿಯ ಜೇಬಿನಲ್ಲಿ ಉಳಿದಿತ್ತು.

ಅವನನ್ನು ಊರೊಳಕ್ಕೆ ನಡೆಸಿಕೊಂಡು ಹೋಗಿ ಒಂದು ಜಗಲಿಯ ಮೇಲೆ ಕೂರಿಸಿದರು. ಕುಳ್ಳಯ್ಯ ಫೋನು ಕಿತ್ತಿಟ್ಟುಕೊಂಡ. ಪಂಚಾಯಿತಿ ಮೆಂಬರು ಕಿರಣ್‌ಕುಮಾರ್ ಪೊಲೀಸರಿಗೆ ಫೋನು ಮಾಡಿ ಬಂದ. ಜನ ಸೇರುತ್ತ ಹೋದರು. ಹಿಂದಿನಿಂದ ಯಾರೋ, "ಪೊಲೀಸ್ನೋರು ಬರೋಕ್ ಮುಂಚೆ ನಾಲ್ಕ್ ಬುಡ್ರಲಾ" ಅಂದದ್ದು ಸ್ಪಷ್ಟವಾಗಿ ಕೇಳಿಸಿತು. ಸಣ್ಣಯ್ಯನ ಬೆರಳುಗಳು ನಡುಗತೊಡಗಿದವು. ಅವುಗಳನ್ನು ತೊಡೆಗಳ ನಡುವೆ ಒತ್ತಿಟ್ಟುಕೊಂಡ. ಮೈನುಗಳ ನಡುವೆ ಹೊಟ್ಟೆ ಮೇಲೆ ತೆವಳಿದಾಗಲೂ ಈ ಬೆರಳುಗಳು ಹೀಗೆ ಮಾಡಿರಲಿಲ್ಲ. ಅಲ್ಲಿ ಮಿಷನ್ನು ಕೂಗಿದರೆ ಅಪಾಯ ಇಲ್ಲೇ ಇದೆಯೆಂದು ಗೊತ್ತಾಗುತ್ತಿತ್ತು. ಈ ಮುಖಗಳಲ್ಲಿ ಯಾವುದು ಮೊದಲು ಸಿಡಿಯುತ್ತದೆಂದು ಹೇಳುವ ಮಿಷನ್ನು ಎಲ್ಲಿದೆ?

ಕಿರಣ್‌ಕುಮಾರ್ ಸಣ್ಣಯ್ಯನ ತಟ್ಟೆಯನ್ನು ಪಕ್ಕಕ್ಕಿಟ್ಟು, ಅವನ ಹೆಗಲಿನ ಚೀಲವನ್ನು ಜಗಲಿಯ ಮೇಲೆ ಸುರಿದ. ತುಕ್ಕು ಹಿಡಿದ ಎತ್ತಿನ ಲಾಳಗಳು, ಮೊಳೆಗಳು, ಸೋಡಾ ಬಾಟಲಿಯ ಮುಚ್ಚಳಗಳು, ಸೈಕಲ್ ಬೆಲ್ಲಿನ ಒಂದು ತಲೆ. ಜನ ಬಗ್ಗಿ ಬಗ್ಗಿ ನೋಡಿದರು. ಕೊನೆಗೆ ಬೆರಳುದ್ದದ ಒಂದು ಗಾಜಿನ ಸೀಸೆ ಉರುಳಿತು.

"ಇದೇನಿದು, ನಿಧಿ ನೋಡೋ ಅಂಜನವಾ?"

"ಚಿನ್ನ," ಅಂದ ಸಣ್ಣಯ್ಯ.

ಕಿರಣ್‌ಕುಮಾರ್ ಸೀಸೆಯನ್ನು ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿದ. ತಳದಲ್ಲಿ, ನೀರಿನೊಳಗೆ, ಹತ್ತು ಹನ್ನೆರಡು ಹಳದಿ ಚುಕ್ಕೆಗಳಿದ್ದವು. "ಇಷ್ಟೇನಾ?"

"ಆರ್ ವರ್ಸದ್ದು."

ಆಗಲೇ ಕುಳ್ಳಯ್ಯನ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಸಣ್ಣಯ್ಯನ ಹೆಂಡತಿ ರಾಮಮ್ಮ. ಕುಳ್ಳಯ್ಯ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿ, "ನಿಮ್ ಯಜಮಾನ್ರುನ್ನ ಇಲ್ಲಿ ಇಡ್ಕಂಡಿದೀವಿ ಕಣಮ್ಮ. ನಿಧಿ ಕಳ್ಳ ಅಂತ ಅನ್ಮಾನ," ಅಂದ.

ಆ ಕಡೆಯಿಂದ ರಾಮಮ್ಮನ ದನಿ ಬಂತು. ಮೊದಲು ನಡುಗಿತು, ಹೋಗುತ್ತ ಹೋಗುತ್ತ ಗಟ್ಟಿಯಾಯಿತು. "ಅವ್ರು ಕಳ್ರಲ್ಲ ಕಣಪ್ಪ, ಉಚ್ಚರು. ಆರ್ ವರ್ಸದಿಂದ ಊರೂರ್ ಮಳ್ಳು ತೊಳೀತಾವ್ರೆ. ನಂಗೊಂದು ಮೂಗ್ಬೊಟ್ಟು ಮಾಡ್ಸೋಕೂ ಸಾಲ್ಲಿಲ್ಲ. ಕಳ್ರಾಗಿದ್ರೆ ಇಂಗಿರ್ತಿತ್ತಾ ನಮ್ಮನೆ? ಕೈ ಮುಗೀತೀನಿ, ವಡೀಬ್ಯಾಡಿ. ಸುಗರ್ ಐತೆ, ಒತ್ಗೆ ಸರ್ಯಾಗಿ ಏನಾರ ತಿನ್ನೋಕ್ ಕೊಡಿ."

ಗುಂಪಿನಲ್ಲಿ ಒಬ್ಬ ನಕ್ಕ. ಮತ್ತೊಬ್ಬ ನಗು ತಡೆಯಲು ಹೋಗಿ ಕೆಮ್ಮಿದ. ಸಣ್ಣಯ್ಯನಿಗೆ ನಾಚಿಕೆಯೂ ಆಯಿತು, ಎದೆಯ ಮೇಲಿನ ಕಲ್ಲು ತುಸು ಸರಿದಂತೆಯೂ ಆಯಿತು. ಆದರೆ ಕುಳ್ಳಯ್ಯ ನಗಲಿಲ್ಲ. "ಎಂಡ್ತಿ ಇನ್ನೇನಂದಾಳು?" ಅಂದ.

ಜಗಲಿಯ ಒಳ ಬಾಗಿಲಲ್ಲಿ ಕೂತು ಇಷ್ಟನ್ನೂ ಕೇಳುತ್ತಿದ್ದ ಮನೆಯ ಅಜ್ಜಿ, ಚಿಕ್ಕಸಿದ್ದಮ್ಮ, ಕೋಲೂರಿ ಎದ್ದು ಬಂದಳು. ಎಂಬತ್ತು ದಾಟಿದ ಮುದುಕಿ. ತಟ್ಟೆಯನ್ನು ಎತ್ತಿ, ಅದರ ಅಂಚನ್ನು ಬೆರಳಲ್ಲಿ ಸವರಿದಳು.

"ನಮ್ಮಜ್ಜಿ ಮಳೆ ಬಿದ್ಮೇಲೆ ಮರ್ದ್ ಮರಿಗೇಲಿ ಇದೇ ಅಳ್ಳದ್ ಮಳ್ಳು ತೊಳೀತಿದ್ಲು. ನಾನು ಪಕ್ದಲ್ಲೇ ಕೂತಿರ್ತಿದ್ದೆ," ಅಂದಳು. "ಅದು ಬಾಯಲ್ಲೇಳಿ ಬರೋ ಇದ್ಯೆ ಅಲ್ಲ. ಕಳ್ಳನ್ ಕೈಗೆ ಆರೆ ಗುದ್ಲಿ ಗೊತ್ತಿರ್ತದೆ, ಇದು ಗೊತ್ತಿರಾಕಿಲ್ಲ. ಲೇ ಕುಳ್ಳಯ್ಯ, ಕರ್ಕಂಡ್ ನಡಿ ಅಳ್ಳಕ್ಕೆ. ಜಾಲಿಸ್ಲಿ, ನೋಡಾನ."

ಊರಿಗೆ ಊರೇ ಹಳ್ಳಕ್ಕೆ ಇಳಿಯಿತು. ಸಣ್ಣಯ್ಯ ಪಂಚೆ ಎತ್ತಿಕಟ್ಟಿ, ಗುಂಡುಕಲ್ಲಿನ ಹಿಂದಿನ ಮರಳನ್ನು ತಟ್ಟೆಗೆ ತುಂಬಿ ನೀರಿನಲ್ಲಿ ಕೂತ. ಅಕ್ಕಿ ಜಾಲಿಸಿದ ಹಾಗೆ ತಟ್ಟೆಯನ್ನು ಸುತ್ತಿಸಿದ, ಓರೆ ಮಾಡಿದ, ಮೇಲಿನ ಮರಳನ್ನು ನೀರಿಗೆ ಬಿಟ್ಟ, ಮತ್ತೆ ಸುತ್ತಿಸಿದ. ಕೊನೆಗೆ ಒಂದು ಹಿಡಿ ಕರಿಮರಳು ಉಳಿಯಿತು. ಅದರಲ್ಲಿ ಏನೂ ಇರಲಿಲ್ಲ. ಎರಡನೆಯ ತಟ್ಟೆಯಲ್ಲೂ ಇರಲಿಲ್ಲ. ಅವನ ಕುತ್ತಿಗೆಯಿಂದ ಬೆವರು ಇಳಿಯಿತು. ಹಿಂದೆ ಪಿಸುಮಾತು ಶುರುವಾಯಿತು. ಮೂರನೆಯ ತಟ್ಟೆ ತುಂಬಿ ಸುತ್ತಿಸುತ್ತ ಅವನು ಚಿಕ್ಕಸಿದ್ದಮ್ಮನ ಕಡೆ ನೋಡಿದ. ಅವಳು ಮರಳನ್ನು ನೋಡುತ್ತಿರಲಿಲ್ಲ. ಅವನ ಮಣಿಕಟ್ಟನ್ನು ನೋಡುತ್ತಿದ್ದಳು.

"ಚಿನ್ನ ಸಿಕ್ಕಿದ್ರೂ ಸರಿ, ಸಿಕ್ಕದಿದ್ರೂ ಸರಿ," ಅಂದಳು ಅವಳು. "ಇವ್ನು ಜಾಲಿಸೋನೇ ಕಣ್ರಲಾ. ನಮ್ಮಜ್ಜೀನೂ ಇಂಗೇ ಕೈ ತಿರುಗಿಸ್ತಿದ್ಲು. ಬುಟ್ಬುಡಿ."

ಸುತ್ತ ನಿಂತವರು ಒಂದೆರಡು ಹೆಜ್ಜೆ ಹಿಂದೆ ಸರಿದರು. ಸಣ್ಣಯ್ಯ ಮಾತ್ರ ಏಳಲಿಲ್ಲ. ಹಾಗೇ ಕೂತು ತುಂಬಿದ್ದ ತಟ್ಟೆಯನ್ನು ತೊಳೆದು ಮುಗಿಸಿದ. ಈಗ ಅವಸರವಿರಲಿಲ್ಲ, ಬೆರಳು ಹಗುರಾಗಿದ್ದವು. ಕರಿಮರಳಿನ ಬಾಲ ತಟ್ಟೆಯ ತಳದಲ್ಲಿ ನಿಧಾನವಾಗಿ ಬಿಚ್ಚಿಕೊಂಡಿತು. ತುದಿಯಲ್ಲಿ ಎರಡು ಚುಕ್ಕೆ, ಪಕ್ಕದಲ್ಲಿ ಇನ್ನೊಂದು, ಬಿಸಿಲಿಗೆ ಹಳದಿಯಾಗಿ ನಿಂತವು.

ಕುಳ್ಳಯ್ಯ ನೀರಿಗೇ ಇಳಿದು ಬಂದ. ಬಗ್ಗಿದ. ಚುಕ್ಕೆಗಳನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದ. "ಇಷ್ಟ್ ವರ್ಸ ಇದೇ ಅಳ್ಳದಲ್ಲಿ ಎಮ್ಮೆ ಮೈ ತೊಳ್ದಿದೀನಲ್ಲ," ಅಂದ.

ಹೆಡ್ ಕಾನ್‌ಸ್ಟೇಬಲ್ ಕೃಷ್ಣಕುಮಾರ್ ಮೋಟಾರು ಬೈಕಿನಲ್ಲಿ ಬಂದಾಗ ಊರಿನ ಅರ್ಧ ಜನ ನೀರಿನಲ್ಲಿದ್ದರು. ಅಷ್ಟರಲ್ಲಿ ರಾಮಮ್ಮ ಮನೆಯಲ್ಲಿದ್ದ ಮಿಲಿಟರಿ ಕಾರ್ಡಿನ ಫೋಟೋ ತೆಗೆದು ವಾಟ್ಸಾಪಿಗೆ ಕಳಿಸಿದ್ದಳು. ಕೃಷ್ಣಕುಮಾರ್ ಅದನ್ನೂ ಮಿಷನ್ನನ್ನೂ ಸೀಸೆಯನ್ನೂ ನೋಡಿ, ಹೆಸರು ವಿಳಾಸ ಬರೆದುಕೊಂಡರು. "ಗುಡಿ ಹತ್ರ, ಕಾಡ್ ಹತ್ರ ಈ ಮಿಷನ್ ಹಿಡ್ಕೊಂಡು ಓಡಾಡ್ಬೇಡಿ ಸಾರ್," ಅಂದರು. "ಎಲ್ಲಿಗೇ ಹೋದ್ರೂ ಮೊದ್ಲು ಪಂಚಾಯ್ತಿಗೆ ಹೇಳಿ ಆಮೇಲೆ ನೀರಿಗಿಳೀರಿ. ಇವತ್ತು ಆ ಅಜ್ಜಿ ಇದ್ರು. ಎಲ್ಲ ಊರಲ್ಲೂ ಇರಲ್ಲ." ಸಣ್ಣಯ್ಯ ತಪ್ಪಾಯಿತೆಂದು ಒಪ್ಪಿಕೊಂಡ. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಚಿಕ್ಕಸಿದ್ದಮ್ಮ ಅವನನ್ನು ಹಾಗೇ ಕಳಿಸಲಿಲ್ಲ. ಮುದ್ದೆ, ಉಪ್ಸಾರು, ಮೇಲೊಂದಿಷ್ಟು ಖಾರ. ಮೊದಲ ತುತ್ತು ನುಂಗಿದಾಗಲೇ ತನಗೆ ಎಷ್ಟು ಹಸಿವಾಗಿತ್ತೆಂದು ಸಣ್ಣಯ್ಯನಿಗೆ ತಿಳಿದದ್ದು. ಕುಳ್ಳಯ್ಯ ಪಕ್ಕದಲ್ಲೇ ಕೂತು ಉಂಡ. ಕೈ ತೊಳೆದ ಮೇಲೆ ಅವನು ಸಣ್ಣಯ್ಯನ ಫೋನನ್ನು ತನ್ನ ಟವಲಿನಿಂದ ಒರೆಸಿ, ಎರಡೂ ಕೈಯಲ್ಲಿ ಕೊಟ್ಟ.

"ತಪ್ ತಿಳೀಬ್ಯಾಡಿ. ಬಸವಣ್ಣ ವಾಲ್ಕಂಡಿದ್ದ್ ನೋಡ್ದಾಗ್ಲಿಂದ ಕಣ್ಣಿಗ್ ನಿದ್ದೆ ಅತ್ತಿಲ್ಲ."

"ನಮ್ಮೂರ್ ಗುಡಿ ಆಗಿದ್ರೆ ನಾನೂ ಅಂಗೇ ಇಡ್ಕತಿದ್ದೆ ಬುಡಿ," ಅಂದ ಸಣ್ಣಯ್ಯ.

ಆ ಮೂರು ಚುಕ್ಕೆಗಳನ್ನು ಅವನು ಒಂದು ಎಲೆಯ ಮೇಲಿಟ್ಟು ಚಿಕ್ಕಸಿದ್ದಮ್ಮನಿಗೆ ಕೊಡಲು ಹೋದ. ಅವಳು ಕೈಯಾಡಿಸಿದಳು. "ನಂಗ್ಯಾಕಪ್ಪ? ಮೂಗ್ಬೊಟ್ಟಿಗ್ ಸಾಲ್ದು ಅಂತಿದ್ಲಲ್ಲ, ಅವ್ಳಿಗ್ ತಗೊಂಡೋಗು."

ಮೊಪೆಡ್ಡು ಹತ್ತಿ ಊರು ದಾಟುವವರೆಗೆ ಸಣ್ಣಯ್ಯ ನೆಟ್ಟಗೇ ಇದ್ದ. ಟಾರು ರಸ್ತೆ ಸಿಕ್ಕಿದ ಮೇಲೆ ಒಂದು ಹೊಂಗೆಯ ನೆರಳಲ್ಲಿ ಗಾಡಿ ನಿಲ್ಲಿಸಿ ಮೈಲಿಗಲ್ಲಿನ ಮೇಲೆ ಕೂತ. ಸೀಸೆಯನ್ನು ಬೆಳಕಿಗೆ ಹಿಡಿದು ಹೊಸದಾಗಿ ಸೇರಿದ ಮೂರು ಚುಕ್ಕೆಗಳನ್ನು ನೋಡಿದ. ಆಮೇಲೆ ರಾಮಮ್ಮನಿಗೆ ಫೋನು ಮಾಡಿದ.

"ಬುಟ್ರಾ?" ಅಂದಳು ಅವಳು.

"ಬುಟ್ರು. ಊಟಾನೂ ಆಕುದ್ರು."

ಅವಳು ಮೂಗು ಸೇದಿಕೊಂಡ ಸದ್ದು ಕೇಳಿಸಿತು.

"ಊರೋರ್ ಮುಂದೆ ನನ್ನ ಉಚ್ಚ ಅಂದ್ಯಲ್ಲಮ್ಮಿ," ಅಂದ.

"ಕಳ್ಳ ಅನ್ನೋದ್ಕಿಂತ ವಾಸಿ ಅಲ್ವಾ? ಸುಮ್ಕೆ ಬನ್ನಿ. ಬಿಸ್ಲಲ್ಲಿ ಜೋರಾಗ್ ಓಡಿಸ್ಬ್ಯಾಡಿ."

ಸಣ್ಣಯ್ಯ ರಸ್ತೆಯ ಬದಿಯಲ್ಲಿ ಒಬ್ಬನೇ ಕೂತು, ಹೋಗಿ ಬರುವ ಬಸ್ಸಿನವರು ಕಿಟಕಿಯಿಂದ ತಿರುಗಿ ನೋಡುವ ಹಾಗೆ ನಕ್ಕ.