ಕಿವುಡು ಪಟ್ಟಿ

"ಯಾರರೆ ಅದೀರೇನ್ರಿ?"

ಆ ಮಧ್ಯಾಹ್ನ ಭೀಮವ್ವ ಇದನ್ನು ಬರೆದದ್ದು ನಾಲ್ಕನೆಯ ಸಲ. ಯಶ್ಮಿತಾ ಸಾಂಬಾರಿನ ಪೊಟ್ಟಣಗಳ ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತ, ಚಟ್ನಿ ಡಬ್ಬಕ್ಕೆ ಒರಗಿಸಿಟ್ಟ ಮೊಬೈಲನ್ನು ನೋಡಿದಳು. ಆ ಸಾಲಿನ ಮೇಲೆ ಅಶ್ವಿತನ ಮಾತಿತ್ತು, ಕೆಳಗೆ ಅಪೂರ್ವಳದು. ಬೆಳಗ್ಗೆ ಆಫೀಸಿನ ಬಸ್ಸು ಸಿಕ್ಕಿಹಾಕಿಕೊಂಡ ಟ್ರಾಫಿಕ್ಕಿಗೆ ಇಬ್ಬರೂ ಬೈಯುತ್ತಿದ್ದರು. ನಡುವೆ ನಿಂತು ಕೇಳುತ್ತಿದ್ದ ಹೆಂಗಸಿಗೆ ಹೂಂ ಎನ್ನುವವರು ಯಾರೂ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಮೂವತ್ತೊಂದು ಜನರಲ್ಲಿ ಆ ಸಾಲು ಕಾಣುತ್ತಿದ್ದದ್ದು ಯಶ್ಮಿತಾಳೊಬ್ಬಳಿಗೇ.

ಆ ಜಾಗದ ಹೆಸರು 'ಅಂಗಳ'. ಪುಣೆಯ ಸುತ್ತಮುತ್ತಲಿನ ಕನ್ನಡದವರು ಹರಟುವ ಒಂದು ಚಾಟ್ ಸರ್ವರ್. ಧಾರವಾಡದ ಕಡೆಯ ಬಿಂದುಮಾಧವ ಎನ್ನುವವರು, ವಿಮಾನ ನಗರದ ಕಂಪನಿಯೊಂದರಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನೋಡುವವರು, ತಮ್ಮ ಸ್ವಂತ ಖುಷಿಗೆ ಅದನ್ನು ನಡೆಸುತ್ತಿದ್ದರು. ಫೋನ್ ನಂಬರ್ ಕೊಡಬೇಕಾಗಿಲ್ಲ, ಫೋಟೋ ಬೇಕಾಗಿಲ್ಲ, ಒಂದು ಹೆಸರಿದ್ದರೆ ಸಾಕು. ಆದರೆ ಪ್ರತಿ ಕೆಲಸಕ್ಕೂ ಒಂದು ಆಜ್ಞೆ: ಮೊದಲು ಒಂದು ಓರೆಗೆರೆ, ಅದಕ್ಕೆ ಅಂಟಿಕೊಂಡು ಒಂದು ಪದ. ಇಂಗ್ಲಿಷಿನಲ್ಲಿದ್ದ ಆಜ್ಞೆಗಳನ್ನೆಲ್ಲ ಬಿಂದುಮಾಧವರೇ ಕೂತು ಕನ್ನಡಕ್ಕೆ ತಂದಿದ್ದರು. /ಯಾರು ಎಂದು ಬರೆದರೆ ಅಂಗಳದಲ್ಲಿ ಇರುವವರ ಪಟ್ಟಿ ಬರುತ್ತದೆ. ಆಗ ಇಲ್ಲದವರಿಗೆ ಆ ಹೊತ್ತಿನ ಮಾತು ಆಮೇಲೂ ಕಾಣುವುದಿಲ್ಲ. /ಗುಟ್ಟು ಎಂದು ಬರೆದು ಒಬ್ಬರ ಹೆಸರು ಹಾಕಿದರೆ ಮಾತು ಅವರೊಬ್ಬರಿಗೇ ಹೋಗುತ್ತದೆ. ಒಬ್ಬರನ್ನು ಅಂಗಳದಿಂದ ತೆಗೆದುಹಾಕುವ /ಹೊರಗೆ ಎನ್ನುವುದು ಮಾತ್ರ ಬಿಂದುಮಾಧವರ ಕೈಯಲ್ಲಿತ್ತು.

ಯಶ್ಮಿತಾ ಇವನ್ನೆಲ್ಲ ಒಂದೇ ವಾರದಲ್ಲಿ ಕಲಿತಿದ್ದಳು. ಒಂಬತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟು ಕುಂದಾಪುರದಿಂದ ಪುಣೆ ಬಳಿಯ ತಳೇಗಾಂವಿಗೆ, ಸೋದರಮಾವ ಮಹಾಲಿಂಗನ ಹೋಟೆಲಿಗೆ ಬಂದವಳು. ನಾಲ್ಕು ವರ್ಷವಾದರೂ ಗಿರಾಕಿಯ ಮುಖ ನೋಡಿ ಮಾತಾಡಲು ಅವಳಿಗೆ ನಾಲಗೆ ಏಳುತ್ತಿರಲಿಲ್ಲ. ಚಟ್ನಿ ಎಷ್ಟು ಎಂದು ಕೇಳಿದರೆ ಬೆರಳು ತೋರಿಸುತ್ತಿದ್ದಳು. ಅಂಗಳದಲ್ಲಿ ಬೆರಳೇ ಮಾತಾಡುವುದು. ಹೊಸಬರು ಬಂದರೆ ಆಜ್ಞೆಗಳನ್ನು ಒಂದೊಂದಾಗಿ ಹೇಳಿಕೊಡುವವಳು ಅವಳೇ. ಬಿಂದುಮಾಧವರು ಅವಳನ್ನು "ಮಾಸ್ತರಬಾಯಿ" ಎಂದು ಕರೆದಾಗ ಅವಳು ಮೊಬೈಲನ್ನು ಬೋರಲು ಹಾಕಿ, ಮತ್ತೆ ತಿರುಗಿಸಿ ಆ ಪದವನ್ನು ನೋಡಿದ್ದಳು.

ಭೀಮವ್ವನಿಗೂ ಅವಳೇ ಕಲಿಸಿದ್ದು. ವಿಜಯಪುರದ ಕಡೆಯಿಂದ ಮೂವತ್ತು ವರ್ಷದ ಹಿಂದೆ ಪುಣೆ ಜಿಲ್ಲೆಯ ಇಂದಾಪುರಕ್ಕೆ ಮದುವೆಯಾಗಿ ಬಂದ ಹೆಂಗಸು. ಗಂಡ, ಮಗ, ಸೊಸೆ ನೀತಾ, ಎಲ್ಲರದೂ ಮರಾಠಿ. ತವರಿನಲ್ಲಿ ಅಣ್ಣ ತೀರಿಕೊಂಡ ಮೇಲೆ ಅವಳ ಜೊತೆ ಕನ್ನಡದಲ್ಲಿ ಮಾತಾಡುವವರು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ನೀತಾ ಎಲ್ಲೋ ನೋಡಿ ಈ ಅಂಗಳವನ್ನು ಅತ್ತೆಯ ಮೊಬೈಲಿಗೆ ಹಾಕಿಕೊಟ್ಟಿದ್ದಳು. "ತಂಗಿ, ಮೂವತ್ತು ವರ್ಷ ಆತು, ನಾ ಕನ್ನಡದಾಗ ಯಾರಿಗೂ ಬೈದಿಲ್ಲ ನೋಡವ್ವಾ," ಎಂದು ಭೀಮವ್ವ ಮೊದಲ ವಾರ ಬರೆದಿದ್ದಳು. "ಮರಾಠಿಯೊಳಗ ಬೈದರ ಹೊಟ್ಟಿ ತುಂಬೂದಿಲ್ಲ." ಆ ದಿನ ಅಂಗಳವೆಲ್ಲ ನಕ್ಕಿತ್ತು.

ಮೂರು ತಿಂಗಳಲ್ಲಿ ನಗು ಹಳಸಿತು. ಭೀಮವ್ವ ಒಂದೇ ಬೆರಳಿನಿಂದ ಬರೆಯುತ್ತಿದ್ದಳು. ಯಾರೋ ಹನ್ನೊಂದು ಗಂಟೆಗೆ ಹೇಳಿದ ಮಾತಿಗೆ ಹನ್ನೊಂದೂಕಾಲಿಗೆ ಅವಳ ಉತ್ತರ ಬರುತ್ತಿತ್ತು. ಅಷ್ಟರಲ್ಲಿ ಮಾತು ಕ್ರಿಕೆಟ್ಟಿಗೋ ಸಂಬಳಕ್ಕೋ ಹೊರಳಿರುತ್ತಿತ್ತು. ಒಳಗೆ ಬಂದ ಪ್ರತಿಯೊಬ್ಬರನ್ನೂ ಹೆಸರು ಹಿಡಿದು "ಊಟ ಆತೇನಪಾ?" ಎಂದು ಕೇಳುತ್ತಿದ್ದಳು. ಅಶ್ವಿತ್ ಅವಳಿಗೆ 'ಹಾಜರಿ ಆಂಟಿ' ಎಂದು ಹೆಸರಿಟ್ಟ.

ಹೋದ ಭಾನುವಾರ, ಭೀಮವ್ವ ಹೊರಟುಹೋದ ಮೇಲೆ, ಅಪೂರ್ವ ಬಾಯಿಬಿಟ್ಟಳು. "ಸರ್, ಪ್ಲೀಸ್, ಅವರನ್ನ ಹೊರಗೆ ಹಾಕಿ. ನಂಗೆ ವಾರಕ್ಕೊಂದೇ ರಜ. ಅದ್ರಲ್ಲೂ ಅವರ ಮನೆ ಜೋಳದ ರೊಟ್ಟಿ ಎಷ್ಟು ಉಬ್ಬಿತು ಅಂತ ಯಾಕೆ ಓದ್ಬೇಕು?"

"ಹಿರಿ ಹೆಣಮಗಳ್ರಿ," ಎಂದು ಬಿಂದುಮಾಧವರು ಬರೆದರು. "ಹೊರಗ ಹೋಗು ಅನ್ನೂದು ನಮ್ಮಲ್ಲಿ ಪದ್ಧತಿ ಅಲ್ಲ. ಪಂಕ್ತಿಗೆ ಕೂತವರನ್ನ ಎಬ್ಬಸಬಾರದು. ಬಡಸೂದು ಬಿಟ್ರ ಸಾಕು, ತಾವ ಏಳ್ತಾರ."

ಆಮೇಲೆ ಅವರೇ ದಾರಿಯನ್ನೂ ತೋರಿಸಿದರು. /ಕಿವುಡು ಎಂದು ಬರೆದು ಹೆಸರು ಹಾಕಿದರೆ ಆ ಮನುಷ್ಯನ ಮಾತು ಮತ್ತೆ ನಮಗೆ ಕಾಣುವುದಿಲ್ಲ. ಆ ಮನುಷ್ಯನಿಗೆ ಅದು ಗೊತ್ತಾಗುವುದಿಲ್ಲ. ಯಾರ ಮನಸ್ಸಿಗೂ ನೋವಿಲ್ಲ. ಹತ್ತು ನಿಮಿಷದಲ್ಲಿ ಒಬ್ಬೊಬ್ಬರಾಗಿ "ಆಯ್ತು", "ಹಾಕಿದೆ", "ಡನ್" ಎಂದರು. ಯಶ್ಮಿತಾಳೂ "ಆಯ್ತು" ಎಂದು ಬರೆದಳು. ಆದರೆ ಹಾಕಲಿಲ್ಲ.

"ಎಂತ ಹೆಣ್ಣೇ, ಆ ಮೊಬೈಲಲ್ಲಿ ದೋಸೆ ಹೊಯ್ತಿದ್ದೀಯಾ?" ಮಹಾಲಿಂಗ ಗಲ್ಲಾದಿಂದಲೇ ಕೂಗಿದ. "ಫ್ಯಾಕ್ಟರಿಯವ್ರ ಪಾರ್ಸೆಲ್ ನಿಂತು ಹತ್ತು ನಿಮಿಷ ಆಯ್ತು, ಮಾರಾಯ್ತಿ. ನಿನ್ನಪ್ಪನೂ ಹೀಗೇ, ಕೂತಲ್ಲೇ ಕೂರುವ ಜಾತಿ."

ಎರಡನೆಯ ಶಿಫ್ಟಿನ ಕೂಲಿಯವರು ಕೌಂಟರಿನ ಆಚೆಗೆ ನಿಂತು ನಕ್ಕರು. ಯಶ್ಮಿತಾ ತಲೆ ಎತ್ತದೆ ಇಡ್ಲಿ ಕಟ್ಟಿದಳು. ಅಪ್ಪ ಲಕ್ವ ಹೊಡೆದು ಮಲಗಿ ಐದನೆಯ ವರ್ಷ. ಮಾವ ದಿನಕ್ಕೊಂದು ಸಲವಾದರೂ ಆ ಮಾತನ್ನು ಎತ್ತಿ ಗಿರಾಕಿಗಳಿಗೆ ಹಂಚುತ್ತಿದ್ದ. ಇನ್ನು ಸೋಮವಾರದವರೆಗೆ, ಎಂದು ಅವಳು ಎಣಿಸಿಕೊಂಡಳು. ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ವಿಮಾನ ನಗರದಲ್ಲಿ ಅವಳಿಗೆ ಇಂಟರ್‌ವ್ಯೂ ಇತ್ತು. ಬಿಂದುಮಾಧವರ ಕಂಪನಿಯಲ್ಲಿ ಗ್ರಾಹಕರು ಕೇಳಿದ್ದಕ್ಕೆ ಕನ್ನಡದಲ್ಲಿ ಟೈಪ್ ಮಾಡಿ ಉತ್ತರ ಕೊಡುವ ಕೆಲಸ. ಇಡೀ ದಿನ ಬಾಯಿ ಬಿಡಬೇಕಾಗಿಲ್ಲ. ಹತ್ತನೇ ಪಾಸಾಗಿಲ್ಲವೆಂದು ಅವಳು ಹೇಳಿಕೊಂಡದ್ದು ಬಿಂದುಮಾಧವರೊಬ್ಬರಿಗೆ. "ಸರ್ಟಿಫಿಕೇಟ್ ಕೇಳಬ್ಯಾಡ್ರಿ ಅಂತ ನಾ ಹೇಳೀನಿ," ಎಂದು ಅವರು ಗುಟ್ಟಿನಲ್ಲಿ ಬರೆದಿದ್ದರು. "ಹುಡುಗಿ ಹೇಳಿದ್ದು ಕೇಳ್ತಾಳ ಅಂತನೂ ಹೇಳೀನಿ."

ಮೊಬೈಲು ಬೆಳಗಿತು. ಭೀಮವ್ವ ಈಗ ಗುಟ್ಟಿನಲ್ಲಿ ಬಂದಿದ್ದಳು.

"ತಂಗಿ, ನಂದು ಮುಟ್ಟಲಿಕ್ಕತ್ತದ ಇಲ್ಲೋ? ಅವರು ಮಾತಾಡೂದು ನನಗ ಎಲ್ಲಾ ಕಾಣ್ತದ. ನಾ ಬರದದ್ದು ಅವರಿಗೆ ಹೋಗವಲ್ದು ಅನಸ್ತದ."

ಈ ಪ್ರಶ್ನೆ ಹೋದ ಸೋಮವಾರದಿಂದಲೇ ಶುರುವಾಗಿತ್ತು. ಆ ದಿನ ಯಶ್ಮಿತಾ ಏನೂ ತೋಚದೆ, "ನಿಮ್ಮಲ್ಲಿ ಟವರ್ ಇಲ್ಲ ಕಾಣ್ತದೆ ಅಮ್ಮ," ಎಂದುಬಿಟ್ಟಿದ್ದಳು. ಮಂಗಳವಾರ ಭೀಮವ್ವ ಮಾಳಿಗೆ ಹತ್ತಿ ನೀರಿನ ಟಾಕಿಯ ಪಕ್ಕ ಕೂತು ಬರೆದಳು. ಬುಧವಾರ ಮೊಬೈಲ್ ಅಂಗಡಿಗೆ ಹೋಗಿ ಸಿಮ್ ಬದಲಿಸಿಕೊಂಡು ಬಂದಳು. ಹಳೆಯದರಲ್ಲಿದ್ದ ಅಣ್ಣನ ನಂಬರೂ ಹೋಯಿತು. "ಹೋಗ್ಲಿ ಬಿಡು, ಅಣ್ಣನ ಇಲ್ಲ," ಎಂದಳು. ಗುರುವಾರ ಯಶ್ಮಿತಾಳೇ, ಪ್ರಶ್ನೆ ಮುಗಿದರೆ ಸಾಕೆಂದು, "ಬಸ್ ಸ್ಟ್ಯಾಂಡಿನಲ್ಲಿ ಟವರ್ ಒಳ್ಳೇದಿರ್ತದೆ, ಅಲ್ಲಿ ಹೋಗಿ ನೋಡಿ," ಎಂದು ಬರೆದಳು. ಅಷ್ಟು ದೂರ ಹೋಗಲಾರಳು ಅಂದುಕೊಂಡಿದ್ದಳು.

"ಈಗ ಎಲ್ಲಿದ್ದೀರಿ ಅಮ್ಮ?" ಎಂದು ಯಶ್ಮಿತಾ ಕೇಳಿದಳು.

"ಸ್ಟ್ಯಾಂಡಿನಾಗ ಅದೇನಿ. ಮೊನ್ನೀನೂ ಬಂದಿದ್ದೆ, ನಿನ್ನೀನೂ ಬಂದಿದ್ದೆ. ಬಿಸಲು ಭಾಳ ಅದ. ಸೋಲಾಪುರ ಗಾಡಿಯ ಕಂಡಕ್ಟರ್ ಕೇಳಿದ, ಮಾವಶಿ, ರೋಜ್ ಕುಠೇ ಜಾತಾ ಅಂತ. ಎಲ್ಲೀಗೂ ಇಲ್ಲಪಾ, ನಮ್ಮ ಮಂದೀ ಜೋಡಿ ಮಾತಾಡ್ಲಿಕ್ಕೆ ಬಂದೀನಿ ಅಂದೆ."

ಯಶ್ಮಿತಾ ಸೊಂಟಕ್ಕೆ ಕಟ್ಟಿಕೊಂಡಿದ್ದ ಟವೆಲಿಗೆ ಬೆರಳು ಒರೆಸಿದಳು. ಅಷ್ಟರಲ್ಲಿ ಇನ್ನೊಂದು ಬಂತು.

"ತಂಗಿ, ನಿನಗೊಬ್ಬಾಕಿಗಿ ಮುಟ್ಟತದಲ್ಲ, ಅವರಿಗೆ ಒಂದು ಮಾತು ಹೇಳು. ಅಶ್ವಿತಪ್ಪ ಮೊನ್ನಿ ಜ್ವರ ಅಂದಿದ್ದ, ನಾ ಕೇಳಿಲ್ಲಂತ ಸಿಟ್ಟಾಗಿರಬಹುದು. ಅಪೂರ್ವಂದು ಹುಟ್ಟಿದ ಹಬ್ಬ ಹೋತು. ಭೀಮವ್ವಗ ಸೊಕ್ಕು ಬಂದದ ಅಂತ ತಿಳಕೋಬ್ಯಾಡ್ರಿ, ಫೋನ್ ಕೆಟ್ಟದ ಅಂತ ಹೇಳು. ಇಷ್ಟು ಮಾಡವ್ವಾ."

ಅವಳು ಅದನ್ನು ಎರಡು ಸಲ ಓದಿದಳು. ಹೇಳಿದರೆ ಯಾರಿಗಾದರೂ ಮನಸ್ಸು ಕರಗೀತು, ಅಪೂರ್ವಳಾದರೂ ಪಟ್ಟಿಯಿಂದ ತೆಗೆದಾಳು ಎಂದು ಅನ್ನಿಸಿತು. ಒಬ್ಬರು ತೆಗೆದರೆ ಸಾಕಿತ್ತು. ಅಂಗಳಕ್ಕೆ ಹೋಗಿ ಬರೆದಳು:

"ಭೀಮವ್ವನವರು ಒಂದು ಮಾತು ಹೇಳಲು ಹೇಳಿದ್ದಾರೆ. ಅವರ ಫೋನ್ ಕೆಟ್ಟಿದೆಯಂತೆ. ಅದಕ್ಕೇ ಅಶ್ವಿತನ ಜ್ವರ ಕೇಳಲಾಗಲಿಲ್ಲವಂತೆ. ಯಾರೂ ಬೇಜಾರು ಮಾಡಿಕೊಳ್ಳಬಾರದಂತೆ."



"ಅಯ್ಯೋ ದೇವ್ರೇ," ಎಂದು ಅಶ್ವಿತ್ ಬರೆದ. "ಹಾಜರಿ ಆಂಟಿ ಇನ್ನೂ ಇದ್ದಾರಾ? ನಾನು ವಾರದಿಂದ ಎಷ್ಟು ನೆಮ್ಮದಿಯಾಗಿದ್ದೆ ಗೊತ್ತಾ, ಜ್ವರಾನೂ ಅದಕ್ಕೇ ಇಳಿದಿದ್ದು."

"ಫೋನ್ ಕೆಟ್ಟಿದ್ಯಂತೆ!" ಅಪೂರ್ವ ನಗುವ ಮುಖಗಳ ಒಂದು ಸಾಲನ್ನೇ ಹಾಕಿದಳು. "ಪಾಪ, ಎಷ್ಟು ಕ್ಯೂಟ್."

"ಎಲಿ ಮುಂದ ಕೂತಾರ ಇನ್ನೂ," ಎಂದರು ಬಿಂದುಮಾಧವ. "ತಾಳ್ಮಿ ಮೆಚ್ಚಬೇಕು." ನಂತರ ಎಲ್ಲರೆದುರಿಗೇ, "ಏನ್ ಮಾಸ್ತರಬಾಯಿ, ಅವರ ಮಾತು ನಿಮಗ ಹ್ಯಾಂಗ ಬಂತು? ನಾ ಪಟ್ಟಿ ನೋಡ್ಲಿಕ್ಕತ್ತೀನಿ. ಇಪ್ಪತ್ತೊಂಬತ್ತು ಮಂದಿ ಹಾಕ್ಯಾರ. ನೀವು ಆಯ್ತು ಅಂದಿದ್ರಿ, ನಿಮ್ಮ ಹೆಸರ ಇಲ್ಲಲ್ಲ."

ಯಶ್ಮಿತಾಳ ಕಿವಿ ಬಿಸಿಯಾಯಿತು. ಕೂಲಿಯವರೆದುರು ಮಾವ ಬೈದಾಗ ಆಗುವಂತೆಯೇ ಆಯಿತು. ಇಲ್ಲೂ ಹಾಗಾಗುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ.

"ಸುಳ್ಳು ಹೇಳಿದ್ಯಾ?" ಎಂದು ಅಶ್ವಿತ್ ಕೇಳಿದ. "ಆಂಟಿ ಜೊತೆ ಸೀಕ್ರೆಟ್ ಫ್ರೆಂಡ್‌ಶಿಪ್ಪಾ? ರೊಟ್ಟಿ ಪಾರ್ಸೆಲ್ ಬರುತ್ತಾ?"

"ಸೋಮವಾರ ಕೆಲಸಕ್ಕ ಬರೋಳು ಅದಾಳಪಾ," ಎಂದರು ಬಿಂದುಮಾಧವ. "ಹೇಳಿದ ಕೆಲಸ ಮಾಡ್ತಾಳೋ ಇಲ್ಲೋ ನಾವೂ ನೋಡಬೇಕಲ್ಲ."

ಎಲ್ಲರೂ ಕಾಯುತ್ತಿದ್ದರು. ಅವಳ ಬೆರಳು ತಾನಾಗಿಯೇ ಓಡಿತು.

"ಹಹಾ ಇಲ್ಲ ಸರ್, ಬೇಕಂತಲೇ ಹಾಕಲಿಲ್ಲ. ಮಜಾ ನೋಡ್ತಿದ್ದೆ. ನಿಮ್ಮಲ್ಲಿ ಟವರ್ ಇಲ್ಲ ಅಂತ ಹೇಳಿ ಮಾಳಿಗೆ ಹತ್ತಿಸಿದೆ. ಸಿಮ್ ಬದಲಾಯಿಸಿದರು. ಈಗ ದಿನಾ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಬಿಸಿಲಿಗೆ ನಿಂತಿರ್ತಾರೆ."

ಅಂಗಳ ಒಡೆದುಹೋಗುವಂತೆ ನಕ್ಕಿತು. ಅಶ್ವಿತ್ "ಲೆಜೆಂಡ್" ಎಂದ. ಅಪೂರ್ವ "ಸತ್ತೇ ಹೋದೆ" ಎಂದಳು. ವಾರಗಟ್ಟಲೆ ಬಾಯಿ ಬಿಡದ ಹೆಸರುಗಳೆಲ್ಲ ಬಂದು ಒಂದೊಂದು ನಗು ಇಟ್ಟುಹೋದವು. "ಬಡಪಾಯಿ ಅನಕೊಂಡಿದ್ದೆ, ಭಾಳ ಜೋರ ಅದಾಳ," ಎಂದು ಬಿಂದುಮಾಧವರು ಬರೆದರು. "ಸೋಮವಾರ ಲಗೂನ ಬರ್ರಿ, ನಾ ಗೇಟಿಗೇ ಬರ್ತೀನಿ." ಇಷ್ಟು ಜನ ಒಟ್ಟಿಗೆ ಅವಳತ್ತ ತಿರುಗಿದ್ದು ಅವಳ ಜನ್ಮದಲ್ಲಿ ಇದೇ ಮೊದಲು. ಯಶ್ಮಿತಾಳ ತುಟಿ ತಾನಾಗಿ ಅರಳಿತು. ಅವಳು ನಗುತ್ತಲೇ ಪರದೆಯನ್ನು ಮೇಲೆ ಸರಿಸಿ, ಬಂದ ಒಂದೊಂದು ನಗುವನ್ನೂ ಇನ್ನೊಮ್ಮೆ ಓದಿದಳು.

ಓದುತ್ತಿದ್ದ ಹಾಗೆಯೇ ಬೆರಳು ನಿಂತಿತು. /ಕಿವುಡು ಹಾಕಿಕೊಂಡವರು ಅವರು. ಭೀಮವ್ವ ಯಾರನ್ನೂ ಹಾಕಿಕೊಂಡಿರಲಿಲ್ಲ. ಅವಳಿಗೆ ಹಾಕುವುದನ್ನು ಯಾರೂ ಕಲಿಸಿಯೂ ಇರಲಿಲ್ಲ. ವಾರದಿಂದ ಆ ಹೆಂಗಸಿನ ದನಿ ಕೇಳದೆ ಕೇಳದೆ, ಅವಳಿಗೂ ತಮ್ಮದು ಕೇಳುವುದಿಲ್ಲವೆಂದೇ ಎಲ್ಲರೂ ಮಾತಾಡಿಬಿಟ್ಟಿದ್ದರು. ನನಗ ಎಲ್ಲಾ ಕಾಣ್ತದ ಎಂದು ಭೀಮವ್ವ ಬರೆದದ್ದನ್ನು ಓದಿದ್ದ ಯಶ್ಮಿತಾಳೂ ಅದನ್ನು ಮರೆತಿದ್ದಳು.

ಯಶ್ಮಿತಾ /ಯಾರು ಎಂದು ಬರೆದಳು. ಪಟ್ಟಿ ಬಂತು. ಬಿಂದುಮಾಧವರ ಹೆಸರಿನ ಕೆಳಗೇ ಭೀಮವ್ವನ ಹೆಸರು ಇತ್ತು.

ನಗು ಇನ್ನೂ ಬರುತ್ತಲೇ ಇತ್ತು. ಅದರ ನಡುವೆ, ಯಶ್ಮಿತಾಳೊಬ್ಬಳಿಗೇ ಕಾಣುವ ಸಾಲೊಂದು ಬಂದು ನಿಂತಿತು.

"ಎಲ್ಲಾ ಓದೀನಿ ತಂಗಿ."

ಅಷ್ಟೇ. ಗುಟ್ಟಿನಲ್ಲಲ್ಲ, ಅಂಗಳದಲ್ಲಿಯೇ ಬರೆದಿದ್ದಳು. ಅಲ್ಲಿದ್ದವರು ಯಾರೂ ಅದನ್ನು ಓದಲಿಲ್ಲ. ಅಪೂರ್ವ ಊಟಕ್ಕೆ ಹೋಗುತ್ತೇನೆ ಎಂದಳು, ಅಶ್ವಿತ್ ಏನು ಮೆನು ಎಂದು ಕೇಳಿದ.

ಪರದೆಯ ತಳದಲ್ಲಿ ಸಣ್ಣ ಬೂದು ಅಕ್ಷರ ಮೂಡಿತು: ಭೀಮವ್ವ ಬರೆಯುತ್ತಿದ್ದಾರೆ.

ಒಂದೇ ಬೆರಳು. ಒಂದು ಅಕ್ಷರ ಹುಡುಕಿ, ಒತ್ತಿ, ಸರಿಯಿದೆಯೇ ಎಂದು ಕನ್ನಡಕ ಏರಿಸಿ ನೋಡಿ, ಮುಂದಿನದನ್ನು ಹುಡುಕುವ ಬೆರಳು. ಏನು ಬರುತ್ತದೋ, ಬರುವುದಕ್ಕೆ ಇನ್ನೂ ಸಮಯವಿತ್ತು. ಬೈಗುಳವಾದರೆ ತಡೆದುಕೊಳ್ಳಬಹುದಿತ್ತು. ಬೈಗುಳವಲ್ಲದಿದ್ದರೆ?

ಯಶ್ಮಿತಾ ಎರಡೂ ಹೆಬ್ಬೆರಳಿನಿಂದ ಬರೆದಳು. ಓರೆಗೆರೆ, ಕಿವುಡು, ಭೀಮವ್ವ. ಒತ್ತಿದಳು.

'ಇನ್ನು ಈ ಹೆಸರಿನವರ ಮಾತು ನಿಮಗೆ ಕಾಣುವುದಿಲ್ಲ' ಎಂದು ಸರ್ವರು ಹೇಳಿತು. ಮರುಕ್ಷಣ ಭೀಮವ್ವನ ಹಳೆಯ ಸಾಲುಗಳೂ ಒಂದೊಂದಾಗಿ ಅಳಿಸಿ, ಮೇಲಿನ ಮಾತು ಕೆಳಗಿನ ಮಾತಿಗೆ ಬಂದು ಕೂಡಿಕೊಂಡಿತು.

"ಗುಡ್ ಗರ್ಲ್," ಎಂದರು ಬಿಂದುಮಾಧವ. "ಮೂವತ್ತು ಪೂರಾ ಆತು."

"ಪಾರ್ಸೆಲ್!" ಎಂದು ಮಹಾಲಿಂಗ ಗಲ್ಲಾಕ್ಕೆ ಕೈ ಬಡಿದ. ಅವಳು ಎಂಟು ಇಡ್ಲಿ ಕಟ್ಟಿ ಕೊಟ್ಟಳು, ನಾಲ್ಕು ವಡೆ ಕಟ್ಟಿ ಕೊಟ್ಟಳು. ಒಬ್ಬ ಚಟ್ನಿ ಕೇಳಿದ, ಅವಳು ಬೆರಳು ತೋರಿಸಿದಳು. ಕೈ ಒರೆಸಿಕೊಂಡು ಬಂದು ನೋಡಿದಾಗ ಅಂಗಳದಲ್ಲಿ ಪನೀರಿನ ಮಾತು ನಡೆದಿತ್ತು.

ತಳದ ಬೂದು ಅಕ್ಷರ ಹೋಗಿರಲಿಲ್ಲ. ಆ ಆಜ್ಞೆ ಮಾತನ್ನು ತಡೆಯುತ್ತಿತ್ತು, ಬರೆಯುವುದನ್ನು ತಡೆಯುತ್ತಿರಲಿಲ್ಲ. ಭೀಮವ್ವ ಬರೆಯುತ್ತಿದ್ದಾರೆ. ಆರಿತು. ಇಂದಾಪುರದ ಸ್ಟ್ಯಾಂಡಿನಲ್ಲಿ ಬಸ್ಸೊಂದು ಬಂದು ಹೋಗುವಷ್ಟು ಹೊತ್ತು ಏನೂ ಇರಲಿಲ್ಲ. ಮತ್ತೆ ಮೂಡಿತು. ಭೀಮವ್ವ ಬರೆಯುತ್ತಿದ್ದಾರೆ.